ಮೀನಖಂಡ ಅದುರತೊಡಗಿದರೆ: ನಾನು ಇಟ್ಟುಕೊಂಡಿರುವ ಕ್ರಮ

ಕಣ್ಣಿನ ರೆಪ್ಪೆ, ಮೀನಖಂಡ, ತೊಡೆ, ಹೆಬ್ಬೆರಳಿನ ಬುಡ. ಮಾಂಸ ತಾನಾಗಿ ಪಟಪಟನೆ ಅದುರುವುದು ಹೆಚ್ಚಾಗಿ ಇಲ್ಲೇ. ಕೊಡಗಿನ ಮಳೆಗಾಲದಲ್ಲಿ ತೋಟದಿಂದ ಬಂದವರು ಮೊದಲು ಜಿಗಣೆ ಹತ್ತಿತೇನೋ ಎಂದು ಪ್ಯಾಂಟ್ ಎತ್ತಿ ನೋಡುತ್ತಾರೆ. ಜಿಗಣೆ ಇರುವುದಿಲ್ಲ, ಚರ್ಮದಡಿ ಅದುರು ಮಾತ್ರ ನಡೆದಿರುತ್ತದೆ. ಒಂದು ನರತಂತು ಮತ್ತು ಅದರ ಕೈಕೆಳಗಿನ ಸ್ನಾಯು ಎಳೆಗಳು ಮಿದುಳು ಹೇಳದೆಯೇ ಒಮ್ಮೆ ಮಿಡಿದರೆ ಒಂದು ಅದುರು. ಆರೋಗ್ಯವಾಗಿರುವ ಬಹುಪಾಲು ಜನರಿಗೆ ಇದು ಯಾವಾಗಲಾದರೂ ಆಗಿಯೇ ಇರುತ್ತದೆ. ಫೋನಿನಲ್ಲಿ ಹುಡುಕಿ ಎಎಲ್‌ಎಸ್ (ಸ್ನಾಯುಗಳನ್ನು ನಡೆಸುವ ನರಕೋಶಗಳು ಸಾಯುತ್ತ ಹೋಗುವ, ಗುಣವಾಗದ ಕಾಯಿಲೆ) ಎಂಬ ಹೆಸರು ಕಣ್ಣಿಗೆ ಬಿದ್ದ ಮೇಲೆ ಕಥೆಯೇ ಬೇರೆ.

ನನ್ನ ಕ್ರಮದಲ್ಲಿ ಅದುರಿಗೆ ಒಮ್ಮೆ ಸರಿಯಾದ ತಪಾಸಣೆ, ಭಯಕ್ಕೆ ದಿನನಿತ್ಯದ ಅಭ್ಯಾಸ. ಎರಡನ್ನೂ ಬೆರೆಸಿ, ಭಯವಾದಾಗಲೆಲ್ಲ ತಪಾಸಣೆಗೆ ಹೊರಟರೆ ಯಾವುದೂ ಮುಗಿಯುವುದಿಲ್ಲ.

ತಪಾಸಣೆಗೆ ಮೊದಲು ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ ಫಿಜಿಷಿಯನ್ ಸಾಕು. ಅವರು ಹೇಳಿದರೆ ಮೈಸೂರು ಅಥವಾ ಮಂಗಳೂರಿನ ನರರೋಗ ತಜ್ಞರು. ಒಂದೇ ಹಾಳೆಯಲ್ಲಿ ಬರೆದುಕೊಂಡು ಹೋಗಬೇಕು: ಯಾವಾಗಿನಿಂದ, ಎಲ್ಲೆಲ್ಲಿ, ತೆಗೆದುಕೊಳ್ಳುವ ಮಾತ್ರೆಗಳು, ಕಾಫಿ, ಮದ್ಯ, ನಿದ್ದೆ, ತೋಟದಲ್ಲಿ ಔಷಧಿ ಹೊಡೆದಿದ್ದರೆ ಅದರ ಹೆಸರು. ದಮ್ಮಿಗೆ ಎಳೆಯುವ ಸಾಲ್ಬುಟಮಾಲ್ ಇನ್ಹೇಲರ್ ಕೂಡ ಕೈ ನಡುಗಿಸುತ್ತದೆ, ಅದನ್ನು ಬಿಡದೆ ಬರೆಯಿರಿ. ವೈದ್ಯರು ನೋಡುವುದು ಬಲ, ಮಂಡಿಗೆ ಬಡಿದಾಗಿನ ಪ್ರತಿಕ್ರಿಯೆ, ಮಾಂಸ ಕರಗಿದೆಯೇ, ನಾಲಿಗೆ ಹೇಗಿದೆ ಎಂದು. ರಕ್ತದಲ್ಲಿ ಸಾಮಾನ್ಯವಾಗಿ ಥೈರಾಯ್ಡ್, ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂ, ಕೆಲವೊಮ್ಮೆ ಸಿಕೆ (ಸ್ನಾಯು ನೊಂದಾಗ ರಕ್ತಕ್ಕೆ ಸೇರುವ ಕಿಣ್ವ). ಕುಯ್ಲಿನ ಸಮಯದಲ್ಲಿ ಮೂಟೆ ಹೊತ್ತು ಗುಡ್ಡ ಹತ್ತಿದ ಮರುದಿನ ಸಿಕೆ ಮಾಡಿಸಿದರೆ ಅಂಕಿ ಏರಿಯೇ ಇರುತ್ತದೆ, ಆಮೇಲೆ ಅದೇ ಹೊಸ ಭಯ. ಕೆಲವು ದಿನ ಭಾರದ ಕೆಲಸ ಬಿಟ್ಟು ರಕ್ತ ಕೊಡುವುದು ಒಳ್ಳೆಯದು. ಸ್ನಾಯುವಿಗೆ ಸೂಜಿ ಚುಚ್ಚಿ ಅದರ ವಿದ್ಯುತ್ ಮಿಡಿತ ನೋಡುವ ಇಎಂಜಿ ವೈದ್ಯರು ಕೇಳಿದರೆ ಮಾತ್ರ. ಪರೀಕ್ಷೆ ಸರಿ ಬಂದಮೇಲೆ ಇನ್ನೊಂದು ಊರಿನ ಇನ್ನೊಬ್ಬರ ಹತ್ತಿರ ಅದನ್ನೇ ಮತ್ತೆ ಮಾಡಿಸುವುದಿಲ್ಲ ಎಂದು ಮೊದಲೇ ಮನೆಯಲ್ಲಿ ಹೇಳಿಟ್ಟಿರಬೇಕು.

ತೋಟದವರು ಒಂದು ವಿಷಯದಲ್ಲಿ ಮಾತ್ರ ಕಾಯಬಾರದು. ಅರೇಬಿಕ ಕಾಫಿ ಗಿಡದ ಬಿಳಿ ಕಾಂಡಕೊರಕ ಹುಳಕ್ಕೆ ಬಳಸುವ ಕ್ಲೋರ್‌ಪೈರಿಫಾಸ್‌ನಂಥ ಆರ್ಗನೋಫಾಸ್ಫೇಟ್ ಗುಂಪಿನ ಕೀಟನಾಶಕಗಳು ನೇರವಾಗಿ ಸ್ನಾಯು ಅದುರಿಸುತ್ತವೆ. ಹೊಡೆದ ದಿನವೇ ಅದುರಿನ ಜೊತೆ ವಿಪರೀತ ಬೆವರು, ಬಾಯಲ್ಲಿ ನೀರು, ವಾಂತಿ, ಮಂಜು ದೃಷ್ಟಿ, ಉಸಿರಾಟದ ಕಷ್ಟ ಬಂದರೆ ಅದು ಆತಂಕವಲ್ಲ, ವಿಷ. ಬಟ್ಟೆ ಕಳಚಿ, ಸೋಪು ಹಾಕಿ ಮೈ ತೊಳೆದು, ಡಬ್ಬಿಯ ಲೇಬಲ್ ಹಿಡಿದು ಕೂಡಲೇ ಆಸ್ಪತ್ರೆಗೆ.

ಇನ್ನು ಎಎಲ್‌ಎಸ್. ವರ್ಷಕ್ಕೆ ಲಕ್ಷಕ್ಕೆ ಸುಮಾರು 2 ಜನರಿಗೆ ಬರುವ ಕಾಯಿಲೆ. ಅದರಲ್ಲಿ ಸಾಮಾನ್ಯವಾಗಿ ಎದ್ದು ಕಾಣುವುದು ಬಲ ಹೋಗುವುದು: ಅಂಗಿ ಗುಂಡಿ ಹಾಕಲಾಗದು, ಬೀಗದಲ್ಲಿ ಕೀಲಿ ತಿರುಗದು, ಚಪ್ಪಲಿಯ ತುದಿ ನೆಲಕ್ಕೆ ಎಡವುತ್ತದೆ, ಮಾತು ತೊದಲುತ್ತದೆ, ನುಂಗುವುದು ಕಷ್ಟ, ಹೆಬ್ಬೆರಳು-ತೋರುಬೆರಳ ನಡುವಿನ ಮಾಂಸ ಇಳಿಯುತ್ತದೆ. ಇದರಲ್ಲಿ ಒಂದು ಕಂಡರೂ ತಡಮಾಡದೆ ವೈದ್ಯರ ಬಳಿ ಹೋಗಬೇಕು. ‘ಕಾಲು ಸೋತ ಹಾಗೆ ಅನಿಸುತ್ತದೆ’ ಎನ್ನುವುದಕ್ಕೂ ಕಾಲು ಕೆಲಸ ಮಾಡದಿರುವುದಕ್ಕೂ ಬಹಳ ದೂರ. ಬರೀ ಅದುರು ಇದ್ದ 121 ಜನರನ್ನು ಅಮೆರಿಕದ ಮೇಯೊ ಕ್ಲಿನಿಕ್‌ನವರು 2ರಿಂದ 32 ವರ್ಷಗಳ ತನಕ ಗಮನಿಸಿ 1993ರಲ್ಲಿ ವರದಿ ಮಾಡಿದರು. ಒಬ್ಬರಿಗೂ ಎಎಲ್‌ಎಸ್ ಬರಲಿಲ್ಲ. ಈ ಅಂಕಿಯನ್ನು ಒಮ್ಮೆ ಓದಿ ಬಿಡಬೇಕು. ದಿನಾ ಬೆಳಗ್ಗೆ ಅದನ್ನೇ ಮತ್ತೆ ತೆರೆದು ಓದಿದರೆ ಅದೂ ಭಯದ ಚಾಕರಿಯೇ.

ಕಾಫಿಯ ಮಾತು ಕೊಡಗಿನಲ್ಲಿ ಹೇಳುವುದು ಕಷ್ಟ, ಆದರೂ ಹೇಳಬೇಕು. ರೊಬಸ್ಟಾದಲ್ಲಿ ಕೆಫೀನ್ ಅರೇಬಿಕಕ್ಕಿಂತ ಸುಮಾರು ಎರಡು ಪಟ್ಟು. ಚಿಕೋರಿಯಲ್ಲಿ ಕೆಫೀನ್ ಇಲ್ಲ, ಹಾಗಾಗಿ ಚಿಕೋರಿ ಬೆರೆತ ಪುಡಿ ಆ ಲೆಕ್ಕದಲ್ಲಿ ಹಗುರ. ಹೊತ್ತಿಗೊಂದರಂತೆ ಬೆಲ್ಲದ ಕಾಫಿ ಕುಡಿಯುವ ಮನೆಗಳಲ್ಲಿ ಲೋಟದ ಲೆಕ್ಕವೇ ಸಿಗುವುದಿಲ್ಲ. ಒಂದೇ ದಿನ ಬಿಟ್ಟರೆ ತಲೆನೋವು, ಸಿಡುಕು, ಸುಸ್ತು, ಮತ್ತೆ ‘ಮಿದುಳಿನಲ್ಲೂ ಏನೋ ಆಗಿದೆ’ ಎಂಬ ಶಂಕೆ. ಮೂರು ದಿನಕ್ಕೊಂದು ಲೋಟ ಇಳಿಸುತ್ತ ದಿನಕ್ಕೆ ಎರಡು ಲೋಟಕ್ಕೆ ತಂದು, ಮಧ್ಯಾಹ್ನ ಎರಡು ಗಂಟೆಯ ಮೇಲೆ ಕುಡಿಯದಿರುವುದು ನನ್ನ ಪದ್ಧತಿ. ಕುಡಿದ ಕೆಫೀನಿನ ಅರ್ಧ ಭಾಗ ಸುಮಾರು ಐದು ಗಂಟೆ ಕಳೆದರೂ ರಕ್ತದಲ್ಲೇ ಇರುತ್ತದೆ. ನಿದ್ದೆಗೆಟ್ಟ ರಾತ್ರಿ, ಹಿಂದಿನ ದಿನದ ಮದ್ಯ, ಇಡೀ ದಿನ ಕೈಗೆ ಕಂಪನ ಕೊಡುವ ಕಳೆ ಕೊಚ್ಚುವ ಯಂತ್ರ, ಇವೂ ಅದುರು ಹೆಚ್ಚಿಸುತ್ತವೆ. ಮೆಗ್ನೀಸಿಯಂ ಮಾತ್ರೆಯನ್ನು ಅಂಗಡಿಯಿಂದ ತಾನಾಗಿ ತಂದು ನುಂಗುವವರಿದ್ದಾರೆ. ಕಿಡ್ನಿ ತೊಂದರೆ ಇರುವವರಿಗೆ ಅದು ಅಪಾಯ.

ನಿಜವಾದ ದುಡಿಮೆ ಇರುವುದು ಮುಟ್ಟಿ ನೋಡುವ ಚಟದಲ್ಲಿ. ಅದುರನ್ನು ಡೈರಿಯಲ್ಲಿ ಎಣಿಸಿದರೆ ಗಮನ ಅಲ್ಲೇ ಕೂರುತ್ತದೆ, ಗಮನ ಕೂತಲ್ಲಿ ಸಣ್ಣ ಅದುರೂ ದೊಡ್ಡದಾಗಿ ಕಾಣುತ್ತದೆ. ನಾನು ಎಣಿಸುವುದು ಪರೀಕ್ಷೆಗಳನ್ನು: ಮೀನಖಂಡ ಒತ್ತಿ ನೋಡುವುದು, ಮೊಬೈಲಿನಲ್ಲಿ ವಿಡಿಯೊ ತೆಗೆಯುವುದು, ಜಗಲಿಯಲ್ಲಿ ಹಿಮ್ಮಡಿ ಮೇಲೆ ನಡೆಯುವುದು, ಟೇಪು ಹಿಡಿದು ಕಾಲು ಅಳೆಯುವುದು, ಕನ್ನಡಿಯಲ್ಲಿ ನಾಲಿಗೆ, ಮನೆಯವರಿಗೆ ‘ನೋಡು, ಇಲ್ಲಿ ಅದುರುತ್ತಾ?’ ಎಂದು ಕೇಳುವುದು, ಹುಡುಕಾಟ. ಜೇಬಿನ ಪುಸ್ತಕದಲ್ಲಿ ಪ್ರತಿಯೊಂದಕ್ಕೂ ಒಂದು ಗೀಟು. ನಡೆಯುತ್ತಲೇ ಬೆರಳು ಮಡಿಚಿ ಬಲ ನೋಡುವುದೂ ಗೀಟೇ, ಕಳ್ಳ ಗೀಟು.

ಈ ಪರೀಕ್ಷೆಗಳು ಸುಳ್ಳು ಹೇಳುವುದಕ್ಕೆ ಕಾರಣವಿದೆ. ಹೊರಚಾಚಿದ ನಾಲಿಗೆ ಎಲ್ಲರದ್ದೂ ನಡುಗುತ್ತದೆ. ವೈದ್ಯರು ಅದನ್ನು ಬಾಯೊಳಗೆ ವಿಶ್ರಾಂತಿಯಲ್ಲಿಟ್ಟು ನೋಡುತ್ತಾರೆ. ಎರಡು ಕಾಲುಗಳ ಸುತ್ತಳತೆ ಸೆಂಟಿಮೀಟರ್ ಆಸುಪಾಸು ಹೆಚ್ಚುಕಡಿಮೆ ಇರುವುದು ಸಹಜ, ಟೇಪು ಬೆರಳಗಲ ಮೇಲೆ ಹೋದರೂ ಅಂಕಿ ಬದಲು. ತುದಿಗಾಲಲ್ಲಿ ಐವತ್ತು ಸಲ ಎದ್ದರೆ ಯಾರ ಕಾಲಾದರೂ ನಡುಗುತ್ತದೆ, ಆ ನಡುಕವನ್ನೇ ರೋಗ ಎಂದು ಓದಿಕೊಳ್ಳುತ್ತೇವೆ.

ಮೊದಲ ವಾರ ಇಳಿಸಲು ಹೋಗದೆ ಬರೀ ಗೀಟು ಹಾಕಿ. ಎರಡನೇ ವಾರದಿಂದ ಮುಂದೂಡುವುದು: ಮುಟ್ಟಬೇಕೆನಿಸಿದಾಗ ಫೋನಿನಲ್ಲಿ ಹತ್ತು ನಿಮಿಷ ಅಲಾರಂ, ಅಷ್ಟು ಹೊತ್ತು ಕೈಗೆ ಕೆಲಸ: ಮೆಣಸು ಬಿಡಿಸುವುದೋ, ಬಟ್ಟೆ ಮಡಿಚುವುದೋ. ಮುಂದಿನ ವಾರ ಇಪ್ಪತ್ತು ನಿಮಿಷ. ತವಕ ಏರಿ ತಾನಾಗಿ ಇಳಿಯುವುದು ಇಲ್ಲೇ ಗೊತ್ತಾಗುತ್ತದೆ. ಮೊದಲ ದಿನಗಳಲ್ಲಿ ಭಯ ಹೆಚ್ಚುತ್ತದೆ. ಬಹಳ ಜನ ಅಲ್ಲೇ ಕೈಬಿಡುತ್ತಾರೆ. ಜುಲೈ ಮಳೆಗೆ ಟವರ್ ಸತ್ತ ದಿನ ಹುಡುಕಾಟದ ಗೀಟು ಸೊನ್ನೆ ಬರುತ್ತದೆ, ಅದನ್ನು ಲೆಕ್ಕಕ್ಕೆ ಸೇರಿಸಬೇಡಿ.

ರಾತ್ರಿ ಮಲಗಿದಾಗ ಬೇರೆ ಸದ್ದುಗದ್ದಲ ಇಲ್ಲದ ಕಾರಣ ಅದುರು ಜೋರೆನಿಸುತ್ತದೆ. ಆಗ ಕೈ ಹಾಸಿಗೆ ಮೇಲಿಟ್ಟು ಐದು ನಿಮಿಷ ಅದನ್ನು ಅದರಷ್ಟಕ್ಕೆ ಬಿಡುವ ಅಭ್ಯಾಸ ಮಾಡುತ್ತೇನೆ. ನಿಲ್ಲಿಸಲು ಕಾಲು ಒದರುವುದಿಲ್ಲ, ಉಜ್ಜುವುದಿಲ್ಲ.

ಮನೆಯವರು ‘ಏನಿಲ್ಲ ಬಿಡಿ’ ಎಂದರೆ ಅರ್ಧ ಗಂಟೆಯ ಸಮಾಧಾನ, ಮತ್ತೆ ಪ್ರಶ್ನೆ. ಅದರ ಬದಲು ಒಂದೇ ಉತ್ತರ ಮೊದಲೇ ಮಾತಾಡಿಕೊಂಡಿರಬೇಕು: ‘ಇದು ಅದೇ ಪ್ರಶ್ನೆ ಅಲ್ವಾ, ಸಂಜೆ ಐದಕ್ಕೆ ಮಾತಾಡುವ.’ ಐದಕ್ಕೆ ಇಪ್ಪತ್ತು ನಿಮಿಷ ಚಿಂತೆಗೆ ಮೀಸಲು. ಬಂದ ಭಯಗಳನ್ನೆಲ್ಲ ಬರೆದು ಪುಸ್ತಕ ಮುಚ್ಚುವುದು. ಅಷ್ಟರಲ್ಲಿ ಬೆಳಗಿನ ಅರ್ಧ ಭಯಗಳು ನೆನಪೇ ಇರುವುದಿಲ್ಲ.

ಗುಡ್ಡ ಹತ್ತಿದರೆ ಅದುರುತ್ತದೆಂದು ಹತ್ತುವುದನ್ನೇ ಬಿಡುವುದು ಇನ್ನೊಂದು ಬಲೆ. ಕೆಲಸವಿಲ್ಲದ ಕಾಲು ನಿಜಕ್ಕೂ ಸೊರಗುತ್ತದೆ, ಟೇಪು ಅದನ್ನು ತೋರಿಸುತ್ತದೆ, ಭಯಕ್ಕೆ ಸಾಕ್ಷಿ ಸಿಕ್ಕಂತಾಗುತ್ತದೆ. ಎಂದಿನಂತೆ ನಡೆಯಿರಿ.

ಗೀಟುಗಳು ಇಳಿಯದೆ, ದಿನಕ್ಕೆ ಗಂಟೆಗಟ್ಟಲೆ ಇದರಲ್ಲೇ ಹೋಗುತ್ತಿದ್ದರೆ ಮನೋವೈದ್ಯರನ್ನು ಕಾಣಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಕರೆ ಮಾಡಿದರೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಈ ಭಯಕ್ಕೆ ಸಿಬಿಟಿ ಎಂಬ ಮಾತಿನ ಚಿಕಿತ್ಸೆ ಇದೆ. ಮೇಲೆ ಹೇಳಿದ ಮುಂದೂಡುವಿಕೆ ಅದರದೇ ಭಾಗ. ಎಸ್ಎಸ್ಆರ್‌ಐ ಎಂಬ ಗುಂಪಿನ, ಆತಂಕ ಇಳಿಸುವ ಮಾತ್ರೆ ಬರೆದುಕೊಟ್ಟರೆ ಪರಿಣಾಮಕ್ಕೆ ನಾಲ್ಕರಿಂದ ಆರು ವಾರ ಬೇಕು. ಮೊದಲ ದಿನಗಳಲ್ಲಿ ಚಡಪಡಿಕೆ ಹೆಚ್ಚಾಗಬಹುದು. ಆಗ ತಾವಾಗಿ ನಿಲ್ಲಿಸದೆ ವೈದ್ಯರಿಗೆ ಹೇಳಬೇಕು.

ಅದುರು ಜಾಗ ಬದಲಿಸುತ್ತದೆ: ಇವತ್ತು ಮೀನಖಂಡ, ನಾಳೆ ತುಟಿ, ಆಮೇಲೆ ಪಕ್ಕೆ. ಹೊಸ ಜಾಗಕ್ಕೆ ಹೊಸ ತಪಾಸಣೆ ಇಲ್ಲ. ಬಲ, ಮಾತು, ನುಂಗುವಿಕೆ, ಮಾಂಸ ಇಳಿಯುವುದು, ಇವುಗಳಲ್ಲಿ ಬದಲಾವಣೆ ಇದ್ದರೆ ಮಾತ್ರ ಹಳೆಯ ಹಾಳೆ ತೆಗೆದುಕೊಂಡು ಅದೇ ವೈದ್ಯರ ಬಳಿ.