ಫ್ರಾನ್ಸಿನ ಹಳ್ಳಿಗೆ ಬರುವ ಬ್ರಿಟಿಷರಿಗೆ: ಮೊದಲು ಕರೆಂಟ್ ಬಿಲ್, ಆಮೇಲೆ ಉಳಿದದ್ದು

ಬ್ರಿಟಿಷ್ ಪಾಸ್‌ಪೋರ್ಟ್ ಇರುವ ಕನ್ನಡತಿ ನಾನು. ನಮ್ಮ ಯಜಮಾನರು ಯಾರ್ಕ್‌ಶೈರಿನವರು. ನಮ್ಮ ಮನೆ ಇರುವುದು ಫ್ರಾನ್ಸಿನ ಡೋರ್ಡೋನ್ ಜಿಲ್ಲೆಯ ಉತ್ತರದ ಒಂದು ಹಳ್ಳಿಯಲ್ಲಿ. ಸುತ್ತಮುತ್ತ ಹೊಸದಾಗಿ ಬಂದು ಇಳಿಯುವ ಬ್ರಿಟಿಷರಿಗೆ ಫಾರಂ ತುಂಬಿಕೊಡುವುದು, ಕಚೇರಿಗೆ ಜೊತೆಗೆ ಹೋಗುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ಈಚೆಗೆ ಲೆಸ್ಟರ್, ರೆಡಿಂಗ್ ಕಡೆಯ ಕನ್ನಡದವರೂ ಫೋನ್ ಮಾಡುತ್ತಾರೆ. "ಅಲ್ಲಿ ಮನೆ ಅಗ್ಗವಂತೆ, ಬಂದುಬಿಡೋಣ ಅಂತ ಇದ್ದೀವಿ" ಅಂತ. ಬನ್ನಿ, ಬೇಡ ಅನ್ನುವುದಿಲ್ಲ. ಆದರೆ ಇಲ್ಲಿ ಯಾವ ಕೆಲಸ ಮೊದಲು, ಯಾವುದು ಆಮೇಲೆ ಅನ್ನುವುದು ತಪ್ಪಿದರೆ ಪ್ರತಿಯೊಂದಕ್ಕೂ ಎರಡು ಸಲ ಅಲೆಯಬೇಕಾಗುತ್ತದೆ.

ಎಲ್ಲಕ್ಕಿಂತ ಮುಂಚೆ ಒಂದು ಮಾತು. ಇಲ್ಲಿ ಇಪ್ಪತ್ತು ವರ್ಷದಿಂದ ಇರುವ ಬ್ರಿಟಿಷರ ಸಲಹೆಯನ್ನು ಕೇಳಿಸಿಕೊಳ್ಳಿ, ಆದರೆ ಹಾಗೇ ನಂಬಬೇಡಿ. ಅವರು ಒಳ್ಳೆಯವರೇ. ಆದರೆ 2020ರ ಡಿಸೆಂಬರ್ 31ಕ್ಕೆ ಮುಂಚೆ ಬಂದು ನೆಲೆಸಿದವರಿಗೆ ಬ್ರೆಕ್ಸಿಟ್ ಒಪ್ಪಂದದ ಪ್ರಕಾರ ಬೇರೆ ಕಾರ್ಡ್, ಬೇರೆ ಹಕ್ಕು. "ಸುಮ್ನೆ ಬನ್ನಿ, ಎಲ್ಲಾ ಆಗುತ್ತೆ" ಅನ್ನುವುದು ಅವರ ಕಾಲದ ಮಾತು. ಈಗ ಬರುವವರಿಗೆ ವೀಸಾ ಇಲ್ಲದೆ 180 ದಿನಗಳಲ್ಲಿ 90 ದಿನ ಮಾತ್ರ. ಇಲ್ಲಿ ನಿಮ್ಮ ಹೆಸರಲ್ಲಿ ಮನೆ ಇದ್ದರೂ ಒಂದು ದಿನ ಜಾಸ್ತಿ ಸಿಗುವುದಿಲ್ಲ.

ನೆಲೆಸಲು ಬರುವ ನಿವೃತ್ತರು ಹೆಚ್ಚಾಗಿ ತೆಗೆದುಕೊಳ್ಳುವುದು ದೀರ್ಘಾವಧಿಯ ವಿಸಿಟರ್ ವೀಸಾ. ಅದಕ್ಕೆ ಬ್ರಿಟನ್ನಿನಲ್ಲಿ ಇದ್ದುಕೊಂಡೇ ಅರ್ಜಿ ಹಾಕಬೇಕು. ಹೊರಡುವ ದಿನಕ್ಕೆ ಮೂರು ತಿಂಗಳಿಗಿಂತ ಮುಂಚೆ ಹಾಕುವಂತಿಲ್ಲ. ಜೀವನಕ್ಕೆ ಸಾಕಾಗುವಷ್ಟು ವರಮಾನ, ಇರಲು ಜಾಗ, ಒಂದು ವರ್ಷದ ಆರೋಗ್ಯ ವಿಮೆ ಇವುಗಳನ್ನು ತೋರಿಸಬೇಕು. ಫ್ರಾನ್ಸಿನಲ್ಲಿ ಕೆಲಸ ಮಾಡುವುದಿಲ್ಲ ಅಂತ ಸಹಿ ಹಾಕಿ ಕೊಡಬೇಕು. "ಲ್ಯಾಪ್‌ಟಾಪಿನಲ್ಲಿ ಲಂಡನ್ ಕಂಪನಿಯ ಕೆಲಸ ಮಾಡಿಕೊಂಡಿರ್ತೀನಿ, ಯಾರಿಗೆ ಗೊತ್ತಾಗುತ್ತೆ" ಅನ್ನುವವರು ಆ ಸಹಿಗೆ ಮುಂಚೆ ಒಬ್ಬ ವಕೀಲರನ್ನು ಕೇಳುವುದು ವಾಸಿ. ಇಲ್ಲಿಗೆ ಬಂದ ಮೂರು ತಿಂಗಳೊಳಗೆ ವೀಸಾವನ್ನು ಆನ್‌ಲೈನಿನಲ್ಲಿ ಊರ್ಜಿತಗೊಳಿಸಬೇಕು. ಪೆಟ್ಟಿಗೆ ಬಿಚ್ಚುವ ಗಡಿಬಿಡಿಯಲ್ಲಿ ಇದನ್ನು ಮರೆಯುವವರು ಬಹಳ. ಬಂದ ವಾರವೇ ಮಾಡಿ ಮುಗಿಸಿ.

ಇನ್ನು ಕರೆಂಟ್ ಬಿಲ್. ಫ್ರಾನ್ಸಿನಲ್ಲಿ ಬ್ಯಾಂಕ್ ಖಾತೆಗೆ, ಫೋನಿಗೆ, ಕಾರಿನ ನೋಂದಣಿಗೆ, ಆರೋಗ್ಯ ಕಾರ್ಡಿಗೆ, ಕೊನೆಗೆ ಕಸ ಹಾಕುವ ಜಾಗದ ಪಾಸಿಗೂ ಮನೆ ವಿಳಾಸದ ಪುರಾವೆ ಕೇಳುತ್ತಾರೆ. ಎಲ್ಲರೂ ಕಣ್ಣು ಮುಚ್ಚಿ ಒಪ್ಪುವ ಪುರಾವೆ ಅಂದರೆ ಹೊಸ ಕರೆಂಟ್ ಬಿಲ್. ಹಾಗಾಗಿ ಕೀಲಿ ಕೈಗೆ ಬಂದ ದಿನವೇ ಮೀಟರ್ ಹತ್ತಿರ ಹೋಗಿ. ಈಗ ಬಹುತೇಕ ಮನೆಗಳಲ್ಲಿ ಲಿಂಕಿ ಅನ್ನುವ ಹಳದಿ ಹಸಿರು ಬಣ್ಣದ ಮೀಟರ್ ಇದೆ. ಅದರ ಪ್ಲಸ್ ಗುಂಡಿ ಒತ್ತುತ್ತಾ ಹೋದರೆ 14 ಅಂಕಿಯ ನಂಬರ್ ಬರುತ್ತದೆ. ಅದನ್ನೂ ಆ ದಿನದ ರೀಡಿಂಗನ್ನೂ ಫೋಟೋ ತೆಗೆದುಕೊಳ್ಳಿ. ಕರೆಂಟ್ ಕಂಪನಿಗೆ ಆ ನಂಬರ್ ಕೊಟ್ಟರೆ ಸಂಪರ್ಕ ನಿಮ್ಮ ಹೆಸರಿಗೆ ಆಗುತ್ತದೆ.

ಇಲ್ಲೇ ಎರಡು ವಿಷಯ ಗಮನಿಸಿ. ಒಂದು, ಸಂಪರ್ಕ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲೂ ಇರಲಿ. ಗಂಡನ ಹೆಸರಿನಲ್ಲಿ ಮಾತ್ರ ಇದ್ದರೆ ಹೆಂಡತಿಗೆ ಈ ಮನೆಯಲ್ಲಿ ಇದ್ದೇನೆ ಅನ್ನಲು ಕಾಗದವೇ ಇರುವುದಿಲ್ಲ. ಆಮೇಲೆ ಗಂಡ "ಇವಳು ನನ್ನ ಮನೆಯಲ್ಲೇ ಇದ್ದಾಳೆ" ಅಂತ ಪತ್ರ ಬರೆದುಕೊಡಬೇಕು, ಅದರ ಜೊತೆ ತನ್ನ ಗುರುತಿನ ಚೀಟಿಯ ನಕಲು ಬೇರೆ. ಎರಡನೆಯದು, ಎಷ್ಟು ಲೋಡ್ ಬೇಕು ಅಂತ ಕೇಳುತ್ತಾರೆ. ಹಳ್ಳಿ ಮನೆಗಳಲ್ಲಿ ಸಾಮಾನ್ಯವಾಗಿ 6 ಕೆವಿಎ ಇರುತ್ತದೆ. ಬ್ರಿಟನ್ನಿನ ಕೆಟಲ್ ಒಂದೇ ಸುಮಾರು 3 ಕಿಲೋವಾಟ್ ಎಳೆಯುತ್ತದೆ. ಓವನ್ ಉರಿಯುತ್ತಿರುವಾಗ, ವಾಷಿಂಗ್ ಮಶೀನ್ ನೀರು ಕಾಯಿಸುತ್ತಿರುವಾಗ ಟೀಗೆ ಅಂತ ಕೆಟಲ್ ಹಾಕಿದಿರೋ, ಇಡೀ ಮನೆ ಕತ್ತಲು. ಎಲೆಕ್ಟ್ರಿಷಿಯನ್‌ನನ್ನು ಕರೆಯಬೇಡಿ, ವೈರಿಂಗ್ ಕೆಟ್ಟಿಲ್ಲ. 9 ಕೆವಿಎಗೆ ಏರಿಸಿಕೊಳ್ಳಿ, ಇಲ್ಲವೇ ಟೀ ಆದಮೇಲೆ ಬಟ್ಟೆ ಒಗೆಯಿರಿ.

ಬಿಲ್ ಬಂತು ಅಂದರೆ ಬ್ಯಾಂಕ್. ಖಾತೆ ಆದ ಕೂಡಲೇ ರಿಬ್ ಅನ್ನುವ ಒಂದು ಹಾಳೆ ಕೊಡುತ್ತಾರೆ, ನಿಮ್ಮ ಖಾತೆಯ ವಿವರ ಇರುವುದು. ಅದರ ಹತ್ತು ಪ್ರತಿ ಮಾಡಿಸಿ ಇಟ್ಟುಕೊಳ್ಳಿ. ನೀರು, ವಿಮೆ, ಫೋನ್ ಎಲ್ಲರೂ ಕೇಳುತ್ತಾರೆ. ಹಳ್ಳಿಗಳಲ್ಲಿ ಚೆಕ್ ಇನ್ನೂ ಜೀವಂತವಾಗಿದೆ. ಸೌದೆಯವನು, ಚಿಮಣಿ ಗುಡಿಸುವವನು ಚೆಕ್ ಅಂದರೆ ಖುಷಿಪಡುತ್ತಾರೆ. ಆದರೆ ಖಾತೆಯಲ್ಲಿ ದುಡ್ಡಿಲ್ಲದೆ ಚೆಕ್ ಕೊಟ್ಟು ಅದು ವಾಪಸಾಗಿ, ನೀವು ಸರಿಪಡಿಸದೆ ಬಿಟ್ಟರೆ ಇಲ್ಲಿನ ಕೇಂದ್ರ ಬ್ಯಾಂಕಾದ ಬಾಂಕ್ ದ ಫ್ರಾನ್ಸ್‌ನ ಪಟ್ಟಿಗೆ ಹೆಸರು ಸೇರುತ್ತದೆ. 5 ವರ್ಷದವರೆಗೂ ಯಾವ ಬ್ಯಾಂಕಿನ ಚೆಕ್ಕನ್ನೂ ಬರೆಯುವಂತಿಲ್ಲ.

ಈ ನಡುವೆ ಒಂದು ದಿನ ಮೇರಿಗೆ, ಅಂದರೆ ಊರಿನ ಪಂಚಾಯ್ತಿ ಕಚೇರಿಗೆ, ಹೋಗಿ ಬನ್ನಿ. ಚಿಕ್ಕ ಊರುಗಳಲ್ಲಿ ವಾರಕ್ಕೆ ಎರಡು ಮೂರು ಅರ್ಧ ದಿನ ಮಾತ್ರ ಬಾಗಿಲು ತೆರೆಯುತ್ತದೆ. ಹೊತ್ತು ಬಾಗಿಲ ಮೇಲೇ ಬರೆದಿರುತ್ತದೆ. ಮೇಯರ್ ಸಿಗದಿದ್ದರೂ ಚಿಂತೆಯಿಲ್ಲ, ನಿಮಗೆ ಬೇಕಾದವರು ಅಲ್ಲಿನ ಕಾರ್ಯದರ್ಶಿ. ಯಾವ ವಾರ ಯಾವ ಕಸ, ನೀರಿನ ಮೀಟರ್ ಎಲ್ಲಿದೆ, ಪಕ್ಕದ ಹೊಲ ಯಾರದ್ದು, ಎಲ್ಲ ಅವರಿಗೆ ಗೊತ್ತು. ಒಳಗೆ ಕಾಲಿಡುತ್ತಲೇ ಬೊಂಜೂರ್ ಹೇಳಿ, ಎದುರಿನವರು ಹೇಳುವವರೆಗೆ ಕಾದು, ಆಮೇಲೆ ವಿಷಯಕ್ಕೆ ಬನ್ನಿ. "ಎಕ್ಸ್‌ಕ್ಯೂಸ್ ಮಿ, ಒಂದು ಪ್ರಶ್ನೆ" ಅಂತ ನೇರವಾಗಿ ಶುರು ಮಾಡಿದ ಬ್ರಿಟಿಷರಿಗೆ ಸಿಗುವ ಉತ್ತರ ಚುಟುಕಾಗಿರುತ್ತದೆ. ಕಿಟಕಿ ಬದಲಿಸುವುದು, ಬಾಗಿಲಿಗೆ ಬೇರೆ ಬಣ್ಣ, ಸಣ್ಣ ಶೆಡ್ಡು, ಈಜುಕೊಳ, ಏನೇ ಇದ್ದರೂ ಕೆಲಸ ಶುರು ಮಾಡುವ ಮುಂಚೆ ಇಲ್ಲೇ ಕೇಳಿ. ಹಳೇ ಚರ್ಚಿನ 500 ಮೀಟರ್ ಒಳಗಿನ ಮನೆಯಾದರೆ ಸ್ಮಾರಕಗಳ ವಾಸ್ತುಶಿಲ್ಪಿಯ ಒಪ್ಪಿಗೆಯೂ ಬೇಕಾಗಬಹುದು.

ಆರೋಗ್ಯದ ವಿಷಯಕ್ಕೆ ಬರೋಣ. ಬ್ರಿಟನ್ನಿನ ಸರ್ಕಾರಿ ಪಿಂಚಣಿ ಬರುತ್ತಿದ್ದರೆ ನೀವು ಅದೃಷ್ಟವಂತರು. ಅಲ್ಲಿಂದ ಎಸ್1 ಫಾರಂ ತರಿಸಿಕೊಂಡು ಇಲ್ಲಿನ ಆರೋಗ್ಯ ವಿಮಾ ಕಚೇರಿಗೆ ಕೊಟ್ಟರೆ ನಿಮ್ಮ ಖರ್ಚನ್ನು ಬ್ರಿಟನ್ ಕಟ್ಟಿಕೊಡುತ್ತದೆ. ಪಿಂಚಣಿ ವಯಸ್ಸಾಗದವರು ಮೂರು ತಿಂಗಳು ನೆಲೆಸಿದ ಮೇಲೆ ಸ್ವಂತವಾಗಿ ಅರ್ಜಿ ಹಾಕಬಹುದು. ಜೊತೆಗೆ ಜನನ ಪ್ರಮಾಣ ಪತ್ರ ಬೇಕು. ಬ್ರಿಟನ್ನಿನ ಚಿಕ್ಕ ಪ್ರಮಾಣ ಪತ್ರ ನಡೆಯುವುದಿಲ್ಲ, ಅದರಲ್ಲಿ ತಂದೆ ತಾಯಿಯ ಹೆಸರು ಇರುವುದಿಲ್ಲ. ದೊಡ್ಡದನ್ನೇ ತನ್ನಿ. ನನ್ನ ಹಾಗೆ ಕರ್ನಾಟಕದಲ್ಲಿ ಹುಟ್ಟಿದವರು ಹೊರಡುವ ಮುಂಚೆಯೇ ಆ ಪತ್ರಕ್ಕೆ ಅಪಾಸ್ಟಿಲ್, ಅಂದರೆ ಬೇರೆ ದೇಶದಲ್ಲಿ ನಡೆಯುವಂತೆ ಹಾಕುವ ಸರ್ಕಾರಿ ಮುದ್ರೆ, ಮಾಡಿಸಿಟ್ಟುಕೊಂಡರೆ ಒಳ್ಳೆಯದು. ಅನುವಾದವನ್ನು ಇಲ್ಲಿನ ಕೋರ್ಟಿನ ಪಟ್ಟಿಯಲ್ಲಿರುವ ಅನುವಾದಕರಿಂದಲೇ ಮಾಡಿಸಬೇಕು. ನೀವೇ ಚೆನ್ನಾಗಿ ಮಾಡಿದರೂ ತೆಗೆದುಕೊಳ್ಳುವುದಿಲ್ಲ.

ಆಮೇಲೆ ನಿಮ್ಮದೇ ಅಂತ ಒಬ್ಬ ಡಾಕ್ಟರನ್ನು ಗೊತ್ತು ಮಾಡಿ ಹೆಸರು ದಾಖಲಿಸಬೇಕು. ಹಳ್ಳಿ ಕಡೆ ಇದೇ ಕಷ್ಟದ ಕೆಲಸ, ತುಂಬಾ ಡಾಕ್ಟರು ಹೊಸಬರನ್ನು ಸೇರಿಸಿಕೊಳ್ಳುವುದಿಲ್ಲ. ಆದರೂ ಬಿಡಬೇಡಿ, ಲೆಕ್ಕ ನೋಡಿ. ಸಾಮಾನ್ಯ ಡಾಕ್ಟರ ಫೀಸು 2024ರ ಡಿಸೆಂಬರಿನಿಂದ 30 ಯೂರೋ. ಗೊತ್ತು ಮಾಡಿದ ಡಾಕ್ಟರ ಬಳಿ ಹೋದರೆ 70 ಶೇಕಡಾ ವಾಪಸ್, ಅದರಲ್ಲಿ 2 ಯೂರೋ ಹಿಡಿದುಕೊಂಡು 19 ಯೂರೋ ಕೈಗೆ ಬರುತ್ತದೆ. ಡಾಕ್ಟರನ್ನು ಗೊತ್ತು ಮಾಡದೆ ಹೋದರೆ 30 ಶೇಕಡಾ ಮಾತ್ರ, ಅಂದರೆ 7 ಯೂರೋ. ಉಳಿದದ್ದನ್ನು ತುಂಬಿಕೊಡಲು ಮ್ಯೂಚುವೆಲ್ ಅನ್ನುವ ಪೂರಕ ವಿಮೆ ಇದೆ. ವಯಸ್ಸಾದವರು ಅದನ್ನು ಮಾಡಿಸದೆ ಇರುವುದು ದುಡುಕು ಅಂತ ನನ್ನ ಅನಿಸಿಕೆ. ಆಸ್ಪತ್ರೆ ಸೇರಿದಾಗ ಅದರ ಬೆಲೆ ಗೊತ್ತಾಗುತ್ತದೆ. ಇಲ್ಲಿನ ಒಂದು ಸುಖ ಮಾತ್ರ ಹೇಳಲೇಬೇಕು: ಡಾಕ್ಟರ್ ಚೀಟಿ ಬರೆದರೆ ನರ್ಸ್ ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುತ್ತಾರೆ.

ಮನೆ ಕೊಳ್ಳುವವರು ಚಾವಣಿ ನೋಡುತ್ತಾರೆ, ತೊಲೆ ನೋಡುತ್ತಾರೆ, ನೆಲದಡಿಯ ಸೆಪ್ಟಿಕ್ ಟ್ಯಾಂಕನ್ನು ನೋಡುವುದಿಲ್ಲ. ಹಳ್ಳಿಗಳಲ್ಲಿ ಒಳಚರಂಡಿ ಇಲ್ಲದ ಮನೆಗಳೇ ಜಾಸ್ತಿ. ಮಾರುವವರು ಅದರ ತಪಾಸಣೆಯ ವರದಿ ಕೊಡಬೇಕು, ಅದು ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು. ಟ್ಯಾಂಕ್ ನಿಯಮದ ಪ್ರಕಾರ ಇಲ್ಲ ಅಂತಿದ್ದರೆ ಕೊಂಡವರು ಒಂದು ವರ್ಷದೊಳಗೆ ಸರಿ ಮಾಡಿಸಬೇಕು. ಅದು ಸಾವಿರಾರು ಯೂರೋಗಳ ಮಾತು, ಹಾಗಾಗಿ ಚೌಕಾಸಿ ಮಾಡುವುದಿದ್ದರೆ ಸಹಿಗೆ ಮುಂಚೆಯೇ ಮಾಡಿ. ಕೊಳ್ಳುವ ಒಪ್ಪಂದಕ್ಕೆ ಸಹಿ ಹಾಕಿದ ಮೇಲೂ ನಿಮಗೆ 10 ದಿನ ಹಿಂದೆ ಸರಿಯುವ ಅವಕಾಶ ಇರುತ್ತದೆ. ರಿಪೇರಿಗೆ ಜನ ಕರೆಸುವಾಗ ಅವರ ಸಿರೆಟ್ ನೋಂದಣಿ ನಂಬರ್, ಹತ್ತು ವರ್ಷದ ಕಾಮಗಾರಿ ವಿಮೆ ಎರಡನ್ನೂ ಕೇಳಿ. ಇಂಗ್ಲಿಷ್ ಮಾತಾಡುತ್ತಾನೆ, ನಗದು ಕೊಟ್ಟರೆ ಕಡಿಮೆಗೆ ಮಾಡಿಕೊಡುತ್ತಾನೆ ಅಂತ ಯಾರಿಗೋ ಚಾವಣಿ ಒಪ್ಪಿಸಿದರೆ, ಸೋರಿದ ದಿನ ಕೇಳಲು ಯಾರೂ ಇರುವುದಿಲ್ಲ.

ಚಳಿಗಾಲದ ಸೌದೆಯನ್ನು ಅಕ್ಟೋಬರಿನಲ್ಲಿ ಹುಡುಕುವವರು ಹೊಸಬರು. ಊರಿನವರು ವಸಂತದಲ್ಲೇ ಹೇಳಿಟ್ಟಿರುತ್ತಾರೆ. ಇಲ್ಲಿ ಸೌದೆ ಮಾರುವುದು ಸ್ತೇರ್ ಲೆಕ್ಕದಲ್ಲಿ. ಒಂದು ಮೀಟರ್ ಉದ್ದದ ಕೊರಡುಗಳನ್ನು ಉದ್ದ, ಅಗಲ, ಎತ್ತರ ಒಂದೊಂದು ಮೀಟರ್ ಬರುವಂತೆ ಪೇರಿಸಿದರೆ ಅದು ಒಂದು ಸ್ತೇರ್. ಅದನ್ನೇ 50 ಸೆಂಟಿಮೀಟರಿಗೆ ಕತ್ತರಿಸಿ ಪೇರಿಸಿದರೆ ಸಂದು ಕಡಿಮೆಯಾಗಿ ಸುಮಾರು 0.8 ಘನ ಮೀಟರ್ ಆಗುತ್ತದೆ. 33 ಸೆಂಟಿಮೀಟರ್ ಆದರೆ 0.7. ಟೇಪು ಹಿಡಿದು ಅಳೆದು "ಮೋಸ" ಅಂತ ಕೂಗಾಡಿದ ಬ್ರಿಟಿಷರನ್ನು ಸಮಾಧಾನ ಮಾಡುವ ಕೆಲಸ ನನಗೆ ಬಿದ್ದಿದೆ. ಮೊದಲು ನಿಮ್ಮ ಒಲೆಯ ಬಾಯಿ ಅಳೆಯಿರಿ, ಆಮೇಲೆ ಹೇಳಿ. ಓಕ್ ಕೇಳಿ. ಚೆಸ್ಟ್‌ನಟ್ ಅಗ್ಗವಾಗಿ ಸಿಗುತ್ತದೆ, ಆದರೆ ತೆರೆದ ಬೆಂಕಿಗೂಡಿನಲ್ಲಿ ಪಟಪಟ ಸಿಡಿದು ಕಿಡಿ ಕಾರ್ಪೆಟ್ಟಿಗೇ ಬರುತ್ತದೆ. ಸೌದೆ ಇಳಿಸುವ ಮುಂಚೆ ಒಂದು ತುಂಡನ್ನು ಸೀಳಿಸಿ, ಒಳಮೈಗೆ ತೇವದ ಮೀಟರ್ ಚುಚ್ಚಿ ನೋಡಿ. 20 ಶೇಕಡಾದೊಳಗೆ ಇದ್ದರೆ ಈ ವರ್ಷಕ್ಕೆ, ಅದಕ್ಕಿಂತ ಜಾಸ್ತಿ ಇದ್ದರೆ ಮುಂದಿನ ವರ್ಷಕ್ಕೆ. ಹೊರಮೈ ನೋಡಿ ತೀರ್ಮಾನಿಸಬೇಡಿ. ಲಾರಿಯವನು ಗೇಟಿನ ಬಳಿ ಸುರಿದು ಹೋಗುತ್ತಾನೆ, ಪೇರಿಸುವುದು ನಿಮ್ಮ ಕೆಲಸ. ಹಲಗೆಯ ಮೇಲೆ ಪೇರಿಸಿ, ತಲೆ ಮಾತ್ರ ಮುಚ್ಚಿ, ಪಕ್ಕಕ್ಕೆ ಗಾಳಿಯಾಡಲಿ. ಚಿಮಣಿಯನ್ನು ವರ್ಷಕ್ಕೊಮ್ಮೆಯಾದರೂ ಗುಡಿಸಿಸಿ, ಅದರ ಸರ್ಟಿಫಿಕೇಟನ್ನು ಮನೆ ವಿಮೆಯ ಫೈಲಿನಲ್ಲೇ ಇಡಿ. ಬೆಂಕಿ ಬಿದ್ದರೆ ವಿಮೆಯವರು ಕೇಳುವುದು ಅದನ್ನೇ. ಅಡುಗೆ ಗ್ಯಾಸ್ ಸಿಲಿಂಡರಿನ ವಿಷಯ ಚಿಕ್ಕದು: ಒಳಗಿಡುವುದಾದರೆ ಬ್ಯುಟೇನ್, ಹೊರಗಿಡುವುದಾದರೆ ಪ್ರೊಪೇನ್. ಮನೆಯೊಳಗೆ ಪ್ರೊಪೇನ್ ಇಡಬಾರದು. ಬ್ಯುಟೇನನ್ನು ಹೊರಗಿಟ್ಟರೆ ಹಿಮ ಬೀಳುವ ದಿನ ಒಲೆ ಹತ್ತುವುದಿಲ್ಲ.

ಕಾರು? ನನ್ನನ್ನು ಕೇಳಿದರೆ ಹಳೇ ಕಾರನ್ನು ಅಲ್ಲೇ ಮಾರಿ ಬನ್ನಿ. ಕಸ್ಟಮ್ಸ್, ತೆರಿಗೆ ಕಚೇರಿಯ ಪತ್ರ, ಹೆಡ್‌ಲೈಟ್ ಬದಲಾವಣೆ, ಇಷ್ಟರಲ್ಲಿ ಅರ್ಧ ಜೀವ ಹೋಗುತ್ತದೆ. ಲೈಸೆನ್ಸ್ 2021ರ ಜನವರಿ 1ಕ್ಕೆ ಮುಂಚಿನದಾದರೆ ಅವಧಿ ಮುಗಿಯುವವರೆಗೆ ಓಡಿಸಬಹುದು, ಮುಗಿಯಲು ಆರು ತಿಂಗಳಿರುವಾಗ ಫ್ರೆಂಚ್ ಲೈಸೆನ್ಸಿಗೆ ಅರ್ಜಿ ಹಾಕಿ. ಅದಕ್ಕಿಂತ ಹೊಸದಾದರೆ ನೆಲೆಸಿದ ಒಂದು ವರ್ಷದೊಳಗೆ ಬದಲಿಸಿಕೊಳ್ಳಬೇಕು. ಊರೊಳಗೆ ಬೋರ್ಡಿಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ಮೊದಲ ದಾರಿ. ಆ ಬಲಗಡೆಯ ರಸ್ತೆ ದನದ ಕೊಟ್ಟಿಗೆಯಿಂದ ಬರುವ ಗಲ್ಲಿಯಂತೆ ಕಂಡರೂ ನಿಲ್ಲಿ.

ತೆರಿಗೆ ಲೆಕ್ಕ ಇಲ್ಲಿ ಜನವರಿಯಿಂದ ಡಿಸೆಂಬರ್. ಬ್ರಿಟನ್ನಿನ ಏಪ್ರಿಲ್ ಲೆಕ್ಕ ಮರೆತುಬಿಡಿ. ಮರುವರ್ಷ ವಸಂತದಲ್ಲಿ ವರಮಾನದ ಘೋಷಣೆ ಸಲ್ಲಿಸಬೇಕು. ಬ್ರಿಟನ್ನಿನ ಬ್ಯಾಂಕ್ ಖಾತೆಗಳನ್ನು 3916 ಫಾರಂನಲ್ಲಿ ಒಂದೊಂದಾಗಿ ಬರೆಯಬೇಕು, ಐದು ಪೌಂಡ್ ಇರುವ ಖಾತೆಯನ್ನೂ ಬಿಡಬೇಡಿ. ಮುಚ್ಚಿಟ್ಟ ಒಂದೊಂದು ಖಾತೆಗೆ 1,500 ಯೂರೋ ದಂಡ. ಬ್ರಿಟನ್ನಿನಲ್ಲಿ ತೆರಿಗೆ ಇಲ್ಲದ ಐಸಾ ಉಳಿತಾಯದ ಬಡ್ಡಿಗೆ ಇಲ್ಲಿ ತೆರಿಗೆ ಇದೆ.

ಬ್ರಿಟನ್ನಿಗೆ ಹೋಗಿ ಬರುವಾಗ ಮಾಂಸ, ಹಾಲಿನ ಪದಾರ್ಥ ತರುವಂತಿಲ್ಲ. ಬೇಕನ್, ಚೆಡ್ಡರ್ ಅಷ್ಟೇ ಅಲ್ಲ, ಲೆಸ್ಟರಿನ ಗೆಳತಿ ಕಾಸಿ ಕೊಡುವ ತುಪ್ಪವೂ ಅದೇ ಲೆಕ್ಕ. ಬೇಸರ ಬೇಡ, ಇಲ್ಲಿನ ಉಪ್ಪಿಲ್ಲದ ಬೆಣ್ಣೆ ಕಾಸಿ ನೋಡಿ, ಆಮೇಲೆ ಮಾತಾಡೋಣ. ಅಂಗಡಿಗಳು ಮಧ್ಯಾಹ್ನ 12ರಿಂದ 2ರವರೆಗೆ ಮುಚ್ಚಿರುತ್ತವೆ, ಸೋಮವಾರ ಎಷ್ಟೋ ಅಂಗಡಿ ತೆರೆಯುವುದೇ ಇಲ್ಲ. ಸೆಪ್ಟೆಂಬರಿನಿಂದ ಫೆಬ್ರವರಿ ಕೊನೆಯವರೆಗೆ ಬೇಟೆಯ ಕಾಲ. ಕಾಡಿನ ದಾರಿಯಲ್ಲಿ ನಡೆಯುವಾಗ ಕಿತ್ತಳೆ ಬಣ್ಣದ ಜಾಕೆಟ್ ಹಾಕಿಕೊಳ್ಳಿ, ನಾಯಿಗೂ ಹಾಕಿ.

ಇನ್ನು ಫ್ರಿಜ್ ಮೇಲೆ ಅಂಟಿಸಬೇಕಾದ ಚೀಟಿ. ಆಂಬುಲೆನ್ಸಿಗೆ 15, ಪೊಲೀಸಿಗೆ 17, ಬೆಂಕಿಗೆ 18, ಯಾವುದೂ ನೆನಪಾಗದಿದ್ದರೆ 112. ರಾತ್ರಿ ಯಾವ ಔಷಧಿ ಅಂಗಡಿ ತೆರೆದಿದೆ ಅಂತ ತಿಳಿಯಲು 3237. ಅದರ ಕೆಳಗೆ ನಿಮ್ಮ ವಿಳಾಸವನ್ನು ಪೂರ್ತಿ ಬರೆದಿಡಿ, ಗಾಬರಿಯಲ್ಲಿ ಫ್ರೆಂಚ್ ಬಾಯಿಗೆ ಬರುವುದಿಲ್ಲ. 2022ರ ಕಾನೂನಿನಿಂದ ಚಿಕ್ಕ ಊರುಗಳೂ ರಸ್ತೆಗೆ ಹೆಸರು, ಮನೆಗೆ ನಂಬರ್ ಕೊಡಬೇಕಾಗಿದೆ. ನಿಮ್ಮ ಕ್ರಯಪತ್ರದಲ್ಲಿ ಬರೀ ಹಟ್ಟಿಯ ಹೆಸರು ಇದ್ದರೆ ಮೇರಿಯಲ್ಲಿ ಹೊಸ ನಂಬರ್ ಕೇಳಿ ತಿಳಿದು, ಗೇಟಿಗೆ ಹಾಕಿ. ತಿಂಗಳ ಮೊದಲ ಬುಧವಾರ ಮಧ್ಯಾಹ್ನ ಸೈರನ್ ಕೂಗಿದರೆ ಓಡಬೇಡಿ, ಅದು ಬರೀ ಪರೀಕ್ಷೆ. ಬೇರೆ ದಿನ ಕೂಗಿದರೆ ಮಾತ್ರ ಏನಾಗಿದೆ ಅಂತ ನೋಡಿ.