ಸೂಜಿ ಚುಚ್ಚುವ ಮೊದಲು ತೆಂಗಿನತುರಿ ತೂಗಿ ನೋಡಿ

ಬದಿಯಡ್ಕದ ಕಡೆಯ ಒಂದು ಮದುವೆ. ಊಟದ ಪಂಕ್ತಿಯಲ್ಲಿ ನನ್ನ ಭಾವ ಅರ್ಧ ಹೋಳಿಗೆ ತಿಂದು ಎಲೆಗೆ ಕೈ ಅಡ್ಡ ಹಿಡಿದರು. ಬಡಿಸುವವರು ಬುಟ್ಟಿ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟರು. ನಾಲ್ಕು ಹೋಳಿಗೆಗೆ ತುಪ್ಪ ಹಾಕಿಸಿಕೊಂಡು, ಅದರ ಮೇಲೆ ಪಾಯಸಕ್ಕೂ ಜಾಗ ಉಳಿಸುತ್ತಿದ್ದ ಮನುಷ್ಯ ಅವರು. “ಏನು ಭಾವಯ್ಯ, ಹುಷಾರಿಲ್ಲವೇ?” ಎಂದು ಪಕ್ಕದವರು ಕೇಳಿದರೆ, “ಹುಷಾರಾಗಿದ್ದೇನೆ ಮಾರಾಯ, ಹಸಿವೇ ಆಗುವುದಿಲ್ಲ” ಎಂದರು. ತೂಕ ಇಳಿಸಲು ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಇಂಜೆಕ್ಷನ್ ಶುರುಮಾಡಿ ಅವರಿಗೆ ಐದು ತಿಂಗಳಾಗಿತ್ತು. ಕೈ ತೊಳೆಯುವಷ್ಟರಲ್ಲಿ ನಾಲ್ಕು ಮಂದಿ ಔಷಧಿಯ ಹೆಸರು ಕೇಳಿ ಮೊಬೈಲಿನಲ್ಲಿ ಬರೆದುಕೊಂಡರು. ಆ ನಾಲ್ವರಿಗೆ ಹೇಳಬೇಕೆಂದಿದ್ದುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಅಳತೆ

ದರ್ಜಿಯ ಟೇಪು ಸಾಕು. ಪಕ್ಕೆಲುಬು ಮುಗಿಯುವಲ್ಲಿಗೂ ಸೊಂಟದ ಎಲುಬಿಗೂ ನಡುವೆ, ಉಸಿರು ಬಿಟ್ಟು, ಹೊಟ್ಟೆ ಎಳೆದುಕೊಳ್ಳದೆ ಸುತ್ತಳತೆ ತೆಗೆಯಿರಿ. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದರೆ ಎಚ್ಚರ ವಹಿಸಬೇಕು. ಆಮೇಲೆ ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟೆಂಬ ಲೆಕ್ಕ: ಕಿಲೊದಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಬೇಕು. 160 ಸೆಂಟಿಮೀಟರ್ ಎತ್ತರದವರು 64 ಕಿಲೊ ಇದ್ದರೆ 25 ಬರುತ್ತದೆ. ಭಾರತೀಯರಿಗೆ 23ರಿಂದಲೇ ಅಧಿಕ ತೂಕ, 25ರಿಂದ ಬೊಜ್ಜು ಎಂದು ಲೆಕ್ಕ. ರಕ್ತದ ಸಕ್ಕರೆ ಮತ್ತು ಥೈರಾಯ್ಡ್ ಪರೀಕ್ಷೆಯನ್ನೂ ಇದೇ ವಾರ ಮಾಡಿಸಿಬಿಡಿ.

ಎರಡನೆಯದು, ಒಂದು ವಾರದ ಅಡುಗೆಮನೆ ಲೆಕ್ಕ

ಇದನ್ನು ಯಾರೂ ಮಾಡುವುದಿಲ್ಲ. ನಾನೂ ಮಾಡಿರಲಿಲ್ಲ. ಮಾಡಿದ ದಿನ ಗಾಬರಿಯಾಯಿತು.

ನಮ್ಮದು ನಾಲ್ಕು ಜನರ ಮನೆ. ಬೆಳಗ್ಗಿನ ಚಟ್ನಿಗೆ, ಮಧ್ಯಾಹ್ನದ ಕೊದಿಲಿಗೆ, ಪಲ್ಯದ ಮೇಲೆ ಉದುರಿಸಲು ತುರಿದ ತೆಂಗಿನಕಾಯಿಯನ್ನೆಲ್ಲ ಅಂದು ಅಡುಗೆಮನೆಯ ಸಣ್ಣ ತಕ್ಕಡಿಗೆ ಹಾಕಿದೆ. 240 ಗ್ರಾಂ ತೋರಿಸಿತು. ನೂರು ಗ್ರಾಂ ಹಸಿ ತುರಿಯಲ್ಲಿ ಸುಮಾರು 350 ಕ್ಯಾಲೊರಿ ಇರುತ್ತದೆ. ಅಂದರೆ ತಲೆಗೆ 210, ಅದೂ ‘ತರಕಾರಿ ತಿಂದೆವು’ ಎಂಬ ಸಮಾಧಾನದ ಜೊತೆಗೆ. ಅತ್ತೆಯವರು ಬಾಗಿಲಲ್ಲಿ ನಿಂತು ನೋಡುತ್ತಿದ್ದವರು, “ಕಾಯಿ ತೂಗಿ ಹಾಕುವಷ್ಟು ಬಡತನ ಈ ಮನೆಗೆ ಬಂದಿಲ್ಲ” ಎಂದರು. ತೋಟದ ತುಂಬ ತೆಂಗು ಇಟ್ಟುಕೊಂಡವರ ಕಷ್ಟ ಇದೇ. ದುಡ್ಡು ಕೊಟ್ಟು ತರದ ವಸ್ತು ಲೆಕ್ಕಕ್ಕೆ ಸಿಗುವುದೇ ಇಲ್ಲ.

ಹೀಗೆಯೇ ಉಳಿದವನ್ನೂ ಬರೆಯುತ್ತ ಹೋಗಿ. ನೂರು ಗ್ರಾಂ ಅನ್ನಕ್ಕೆ ಸುಮಾರು 130. ಕುಚ್ಚಲಕ್ಕಿಯಾದರೆ ಕಡಿಮೆ ಎಂಬ ನಂಬಿಕೆ ನಮ್ಮ ಕಡೆ ಬಲವಾಗಿದೆ. ಕ್ಯಾಲೊರಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಒಂದು ದೊಡ್ಡ ಚಮಚ ತೆಂಗಿನೆಣ್ಣೆಗೆ 120. ಒಂದು ಚಹಾ ಚಮಚ ಸಕ್ಕರೆಗೆ 20. ಬಸ್‌ಸ್ಟ್ಯಾಂಡಿನಲ್ಲಿ ಕೊಳ್ಳುವ ನೇಂದ್ರ ಚಿಪ್ಸ್ ನೂರು ಗ್ರಾಂಗೆ ಐನೂರು ದಾಟುತ್ತದೆ. ಆ ಪೊಟ್ಟಣ ಕಾಸರಗೋಡಿನಲ್ಲಿ ಒಡೆದರೆ ಕುಂಬಳೆ ಬರುವ ಮೊದಲೇ ಖಾಲಿ.

ಮೂರನೆಯದು, ದಿನಕ್ಕೆ 500 ಕ್ಯಾಲೊರಿ ತೆಗೆಯುವುದು

ಉಪವಾಸ ಬೇಡ. ಅನ್ನದಲ್ಲಿ 150 ಗ್ರಾಂ ತಗ್ಗಿಸಿದರೆ 195. ತುರಿ 60 ಗ್ರಾಂನಿಂದ 30ಕ್ಕೆ ಇಳಿದರೆ 105. ಒಗ್ಗರಣೆ, ಕರಿಯುವುದು ಸೇರಿ ಒಂದು ದೊಡ್ಡ ಚಮಚ ಎಣ್ಣೆ ಬಿಟ್ಟರೆ 120. ಕಾಫಿ, ಚಹಾದಲ್ಲಿ ನಾಲ್ಕು ಚಮಚ ಸಕ್ಕರೆ ಹೋದರೆ 80. ಕೂಡಿದರೆ ಸರಿಯಾಗಿ 500. ಅನ್ನ ಹೋದ ಜಾಗಕ್ಕೆ ಬಸಳೆಯನ್ನೋ ಅಲಸಂಡೆಯನ್ನೋ ಹಾಕಿಕೊಳ್ಳಿ, ತಟ್ಟೆ ಬೋಳಾಗಿ ಕಾಣಬಾರದು. ಮೊದಮೊದಲು ವಾರಕ್ಕೆ ಹೆಚ್ಚುಕಡಿಮೆ ಅರ್ಧ ಕಿಲೊ ಇಳಿಯುತ್ತದೆ.

ಆಮೇಲೆ ನಿಲ್ಲುತ್ತದೆ. ತೂಕ ಇಳಿದ ದೇಹ ಖರ್ಚು ಕಡಿಮೆ ಮಾಡಿಕೊಳ್ಳುತ್ತದೆ, ಹಸಿವಿನ ಹಾರ್ಮೋನುಗಳು ಏರುತ್ತವೆ. ನಾಲ್ಕು ತಿಂಗಳಲ್ಲಿ ಐದು ಕಿಲೊ ಇಳಿಸಿದ್ದ ನಾನು ಮಳೆಗಾಲದ ಹಲಸಿನ ಹಪ್ಪಳಕ್ಕೆ ಎರಡು ಕಿಲೊ ವಾಪಸ್ ಕೊಟ್ಟೆ. ಪಥ್ಯ ತಪ್ಪಿದವರನ್ನು ‘ನಾಲಿಗೆ ಹಿಡಿತವಿಲ್ಲ’ ಎಂದು ಬೈಯುವುದು ನಮಗೆ ರೂಢಿ. ಅದರಲ್ಲಿ ಅರ್ಧ ಪಾಲು ಅನ್ಯಾಯ. ಹನ್ನೆರಡು ವಾರ ಪ್ರಾಮಾಣಿಕವಾಗಿ ಮಾಡಿ, ಬರೆದಿಟ್ಟ ಪುಸ್ತಕ ಹಿಡಿದುಕೊಂಡು ವೈದ್ಯರ ಬಳಿಗೆ ಹೋಗಿ. ಸಕ್ಕರೆ ಕಾಯಿಲೆ ಇದ್ದವರು, ತೂಕ ತೀರಾ ಹೆಚ್ಚಿದ್ದವರು ಅಷ್ಟು ಕಾಯಬೇಕಾಗಿಲ್ಲ.

ನಾಲ್ಕನೆಯದು, ಇಂಜೆಕ್ಷನ್ ಏನು ಮಾಡುತ್ತದೆಂದು ತಿಳಿಯುವುದು

ಉಂಡಾಗ ನಮ್ಮ ಕರುಳು ಜಿಎಲ್‌ಪಿ-1 ಎಂಬ ಹಾರ್ಮೋನನ್ನು ಬಿಡುತ್ತದೆ. ‘ಸಾಕು’ ಎಂದು ಮಿದುಳಿಗೆ ಹೇಳುವುದು, ಹೊಟ್ಟೆ ಖಾಲಿಯಾಗುವುದನ್ನು ನಿಧಾನಿಸುವುದು ಅದರ ಕೆಲಸ. ಅದು ನಿಮಿಷಗಳಲ್ಲಿ ಕರಗಿಹೋಗುತ್ತದೆ. ಔಷಧಿಯಲ್ಲಿರುವ ನಕಲು ವಾರಗಟ್ಟಲೆ ಉಳಿಯುತ್ತದೆ. ಈ ಬಗೆಯ ಔಷಧಿಗಳಲ್ಲಿ ಮೊದಲನೆಯದು ಹುಟ್ಟಿದ್ದು ಅಮೆರಿಕದ ಮರುಭೂಮಿಯ ಗಿಲಾ ಎಂಬ ಹಲ್ಲಿಯ ವಿಷದಿಂದ. ನಾಲ್ಕು ಹೋಳಿಗೆಯನ್ನು ಅರ್ಧಕ್ಕಿಳಿಸಲು ಹಲ್ಲಿಯೇ ಬೇಕಾಯಿತು ನೋಡಿ.

ಈಗ ಹೆಚ್ಚು ಕೇಳಿಬರುವವು ಎರಡು. ಒಂದು ಸೆಮಾಗ್ಲುಟೈಡ್. ವೆಗೋವಿ, ಒಜೆಂಪಿಕ್ ಅದರ ಮಾರಾಟದ ಹೆಸರುಗಳು. ಇನ್ನೊಂದು 2025ರ ಮಾರ್ಚ್‌ನಲ್ಲಿ ಭಾರತಕ್ಕೆ ಬಂದ ಮೌಂಜಾರೊ, ಅಂದರೆ ಟಿರ್ಜೆಪಟೈಡ್. 2021ರಲ್ಲಿ ಪ್ರಕಟವಾದ ಸೆಮಾಗ್ಲುಟೈಡ್ ಪ್ರಯೋಗದಲ್ಲಿ 1,961 ಜನರಿದ್ದರು. ಎಲ್ಲರಿಗೂ ದಿನಕ್ಕೆ 500 ಕ್ಯಾಲೊರಿ ತಗ್ಗಿಸುವ ಪಥ್ಯವನ್ನೇ ಹೇಳಿಕೊಡಲಾಗಿತ್ತು. 68 ವಾರಗಳ ಬಳಿಕ ಪಥ್ಯದ ಜೊತೆ ಖಾಲಿ ಇಂಜೆಕ್ಷನ್ ಪಡೆದವರು ಸರಾಸರಿ ಶೇ 2.4ರಷ್ಟು ತೂಕ ಇಳಿಸಿಕೊಂಡರೆ, ನಿಜವಾದ ಔಷಧಿ ಪಡೆದವರು ಶೇ 14.9ರಷ್ಟು. ‘ಸೂಜಿಯೋ ಪಥ್ಯವೋ’ ಎಂದು ಕೇಳುವವರು ಇದನ್ನು ಗಮನಿಸಬೇಕು: ಸೂಜಿಯವರೂ ಪಥ್ಯದಲ್ಲಿಯೇ ಇದ್ದರು.

ಬಿಎಂಐ 30 ದಾಟಿದವರಿಗೆ, ಅಥವಾ 27 ದಾಟಿ ಜೊತೆಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡದಂಥ ತೊಂದರೆ ಇರುವವರಿಗೆ ಇದನ್ನು ಕೊಡುತ್ತಾರೆ. ಮಗಳ ಮದುವೆಯ ಸೀರೆ ಚೆನ್ನಾಗಿ ಕೂರಲಿ ಎಂದು ಐದು ಕಿಲೊ ಇಳಿಸಲು ಇದಲ್ಲ. ಗರ್ಭಿಣಿಯರಿಗೆ, ಮೆಡುಲರಿ ಥೈರಾಯ್ಡ್ ಕ್ಯಾನ್ಸರ್ ಕುಟುಂಬದಲ್ಲಿ ಇದ್ದವರಿಗೆ ಕೂಡದು. ಮೇದೋಜೀರಕದ ಉರಿಯೂತ, ಪಿತ್ತಕೋಶದ ಕಲ್ಲು ಆಗಿದ್ದರೆ ಮೊದಲೇ ಹೇಳಿ. ಇನ್ಸುಲಿನ್ ತೆಗೆದುಕೊಳ್ಳುವವರ ಡೋಸ್ ಬದಲಿಸಬೇಕಾಗಬಹುದು, ಇಲ್ಲವಾದರೆ ಸಕ್ಕರೆ ತೀರಾ ಕೆಳಗಿಳಿಯುತ್ತದೆ.

ಐದನೆಯದು, ಶುರುಮಾಡಿದ ಮೇಲೆ

ವಾರದ ಒಂದೇ ದಿನ, ಹೊಟ್ಟೆಯ ಅಥವಾ ತೊಡೆಯ ಚರ್ಮದಡಿಗೆ, ಪ್ರತಿ ಸಲ ಜಾಗ ಬದಲಿಸಿ. ಸೆಮಾಗ್ಲುಟೈಡ್ 0.25 ಮಿಲಿಗ್ರಾಂನಿಂದ, ಮೌಂಜಾರೊ 2.5ರಿಂದ ಆರಂಭ, ನಾಲ್ಕು ವಾರದ ಮೊದಲು ಏರಿಸುವಂತಿಲ್ಲ. ಅವಸರಪಟ್ಟರೆ ವಾಕರಿಕೆ, ವಾಂತಿ, ಮಲಬದ್ಧತೆ. ಹೊಟ್ಟೆನೋವು ಬೆನ್ನಿಗೆ ಹೊಡೆದು ಬಿಡದೇ ಇದ್ದರೆ ಜೀರಿಗೆ ಕಷಾಯ ಕುಡಿದು ಕೂರಬೇಡಿ, ಆಸ್ಪತ್ರೆಗೆ ಹೋಗಿ.

ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯೊಳಗೆ ಇಡಬೇಕು, ಫ್ರೀಜರ್‌ಗೆ ತಾಗುವಂತೆ ಬೇಡ. ಮೌಂಜಾರೊ ಬಾಟಲಿ ಹೊರಗೆ 30 ಡಿಗ್ರಿಯೊಳಗೆ 21 ದಿನ ತಡೆಯುತ್ತದೆ, ಆದರೆ ಏಪ್ರಿಲ್‌ನ ನಮ್ಮ ಮಧ್ಯಾಹ್ನ 30 ಡಿಗ್ರಿಯೊಳಗೆ ನಿಲ್ಲುವುದಿಲ್ಲ. ಮಂಗಳೂರಿನಿಂದ ತರುವವರು ಗಡಿಯ ತಲಪಾಡಿಯಲ್ಲಿನ ವಾಹನಗಳ ಸಾಲನ್ನೂ ಲೆಕ್ಕಕ್ಕೆ ಹಿಡಿದು ಐಸ್ ಚೀಲ ಒಯ್ಯಿರಿ.

ಭಾವ ಎಡವಿದ್ದು ಊಟದಲ್ಲಿ. ಹಸಿವಿಲ್ಲವೆಂದು ಎರಡು ಹೊತ್ತು ಬರೀ ಗಂಜಿ, ಉಪ್ಪಿನಕಾಯಿ. ಮೂರನೇ ತಿಂಗಳಿಗೆ ಅಡಿಕೆ ಗೋಣಿ ಎತ್ತಲು ಹೋದರೆ ತೋಳು ಏಳಲಿಲ್ಲ. ಕೊಬ್ಬಿನ ಜೊತೆ ಸ್ನಾಯುವೂ ಕರಗಿತ್ತು. ತೂಕದ ಪ್ರತಿ ಕಿಲೊಗೆ ದಿನಕ್ಕೆ ಒಂದು ಗ್ರಾಂನಷ್ಟಾದರೂ ಪ್ರೊಟೀನ್ ಬೇಕು. ಮೀನು ತಿನ್ನುವವರಿಗೆ ನೂರು ಗ್ರಾಂ ಬೂತಾಯಿಯಲ್ಲಿ 20 ಗ್ರಾಂನಷ್ಟು ಸಿಗುತ್ತದೆ, ಹುರಿಯದೆ ಸಾರು ಮಾಡಿದರಾಯಿತು. ಭಾವನಂಥ ಸಸ್ಯಾಹಾರಿಗಳು ಹುರುಳಿ, ಹೆಸರು, ಮೊಸರು ಎಲ್ಲವನ್ನೂ ಕೂಡಿಸಬೇಕು, ಮತ್ತು ಅದನ್ನು ಅನ್ನಕ್ಕಿಂತ ಮೊದಲು ತಿನ್ನಬೇಕು. ಹೊಟ್ಟೆ ಬೇಗ ತುಂಬುತ್ತದೆ, ಸರದಿ ಮುಖ್ಯ.

ಕೊನೆಗೆ, ನಿಲ್ಲಿಸುವ ಲೆಕ್ಕ

ಇದನ್ನು ಶುರುವಿನಲ್ಲೇ ವೈದ್ಯರ ಬಳಿ ಕೇಳಿ. ಅದೇ 2021ರ ಪ್ರಯೋಗದವರಲ್ಲಿ ಕೆಲವರನ್ನು ಔಷಧಿ ನಿಲ್ಲಿಸಿದ ಮೇಲೆ ಒಂದು ವರ್ಷ ಹಿಂಬಾಲಿಸಿದಾಗ, ಇಳಿದ ತೂಕದ ಮೂರರಲ್ಲಿ ಎರಡು ಪಾಲು ಮರಳಿ ಬಂದಿತ್ತು. ಮೌಂಜಾರೊ ಬಂದಾಗ 2.5 ಮಿಲಿಗ್ರಾಂ ಬಾಟಲಿಗೆ 3,500 ರೂಪಾಯಿ, ತಿಂಗಳಿಗೆ 14,000. ಬೆಲೆ ಬದಲಾಗುತ್ತಿರುತ್ತದೆ, ಅಂಗಡಿಯಲ್ಲಿ ವಿಚಾರಿಸಿ. ಆದರೆ ವೈದ್ಯರ ಚೀಟಿಯಿಲ್ಲದೆ ಕೊಡುತ್ತೇನೆ ಎನ್ನುವ ಅಂಗಡಿಯಲ್ಲಿ ಕೊಳ್ಳಬೇಡಿ.

ಭಾವ ಈಗ ವೈದ್ಯರು ಹೇಳಿದ ಕಡಿಮೆ ಡೋಸಿನಲ್ಲಿದ್ದಾರೆ. ಕಳೆದ ವಾರ ಬಂದವರು ನಮ್ಮ ತಕ್ಕಡಿಯನ್ನು ಕೇಳಿ ಒಯ್ದರು. ಅಕ್ಕ ತುರಿದಿಟ್ಟ ಕಾಯಿಯನ್ನು ತೂಗುವುದು ಅವರದೇ ಕೆಲಸವಂತೆ, ಬೈಗುಳ ತಿನ್ನುವುದೂ ಅವರೇ.