ತಂತಿಯ ಮೇಲಿನ ಬಟ್ಟೆ, ಬೀರುವಿನೊಳಗಿನ ಬಟ್ಟೆ

ಯಾವುದೇ ಮನೆಯ ತಾರಸಿಯ ಮೇಲೆ ಒಣಹಾಕಿದ ಬಟ್ಟೆಗಳನ್ನು ಎರಡು ಮೂರು ವಾರ ಗಮನಿಸಿದರೆ ಆ ಮನೆಯವರು ನಿಜವಾಗಿ ಏನನ್ನು ತೊಡುತ್ತಾರೆಂಬುದು ಗೊತ್ತಾಗುತ್ತದೆ. ಅದೇ ಮನೆಯ ಬೀರು ತೆರೆದು ನೋಡಿದರೆ ಅವರು ಏನನ್ನು ಕೊಂಡಿದ್ದಾರೆಂಬುದಷ್ಟೇ ಗೊತ್ತಾಗುತ್ತದೆ. ತುಮಕೂರಿನ ನಮ್ಮ ಮನೆಯಲ್ಲಿಯೂ ಈ ಎರಡರ ನಡುವೆ ಬಹಳ ಅಂತರವಿತ್ತು. ತಂತಿಯ ಮೇಲೆ ವಾರ ವಾರವೂ ಅವೇ ಏಳೆಂಟು ಬಟ್ಟೆಗಳು ಬಂದು ಹೋಗುತ್ತಿದ್ದವು. ಬೀರುವಿನ ಬಾಗಿಲು ಮಾತ್ರ ಮೊಣಕೈಯಿಂದ ಒತ್ತಿ ಹಿಡಿಯದೆ ಮುಚ್ಚುತ್ತಿರಲಿಲ್ಲ. ಈಗ ಎಲ್ಲರೂ ಕ್ಯಾಪ್ಸೂಲ್ ವಾರ್ಡ್‌ರೋಬ್ ಎಂದು ಕರೆಯುವ ಪದ್ಧತಿಯನ್ನು, ಅಂದರೆ ಒಂದಕ್ಕೊಂದು ಹೊಂದುವ ಕೆಲವೇ ಉಡುಪುಗಳಲ್ಲಿ ವರ್ಷವನ್ನು ನಡೆಸುವ ಕ್ರಮವನ್ನು, ಆ ತಂತಿಯ ಕೆಳಗೆ ನಿಂತೇ ಆರಂಭಿಸಬೇಕೆಂಬುದು ನನ್ನ ಅನುಭವ.

ಕ್ಯಾಪ್ಸೂಲ್ ವಾರ್ಡ್‌ರೋಬ್ ಎಂಬ ಮಾತನ್ನು 1970ರ ದಶಕದಲ್ಲಿ ಜನಪ್ರಿಯಗೊಳಿಸಿದವರು ಲಂಡನ್ನಿನಲ್ಲಿ ಬಟ್ಟೆಯಂಗಡಿ ನಡೆಸುತ್ತಿದ್ದ ಸೂಸಿ ಫಾಕ್ಸ್. 1985ರಲ್ಲಿ ಅಮೆರಿಕದ ವಿನ್ಯಾಸಕಿ ಡೊನಾ ಕ್ಯಾರನ್ ಏಳೇ ಉಡುಪುಗಳನ್ನು ಆಧಾರವಾಗಿಟ್ಟುಕೊಂಡ ಸಂಗ್ರಹವೊಂದನ್ನು ಹೊರತಂದ ಮೇಲೆ ಆ ಕಲ್ಪನೆ ಇನ್ನಷ್ಟು ಜನರಿಗೆ ಪರಿಚಯವಾಯಿತು. ಅವರ ಪಟ್ಟಿಗಳಲ್ಲಿ ಕೋಟು, ಸ್ಕರ್ಟುಗಳಿರುವುದು ಆ ಹವೆಗೆ ಸರಿ. ನಮಗೆ ಪ್ರಯೋಜನಕ್ಕೆ ಬರುವುದು ಅದರ ಹಿಂದಿನ ಗುಣಾಕಾರ. 6 ಕುರ್ತಾಗಳು 3 ಪ್ಯಾಂಟುಗಳಿಗೂ ಹೊಂದಿದರೆ 9 ಬಟ್ಟೆಗಳಿಂದ 18 ಜೋಡಿಗಳು ಸಿಗುತ್ತವೆ. ಪ್ರತಿ ಕುರ್ತಾಕ್ಕೂ ಅದರದೇ ಪ್ಯಾಂಟು, ಅದರದೇ ದುಪಟ್ಟಾ ಎಂದು ಸೆಟ್ಟು ಕೊಂಡರೆ 18 ಬಟ್ಟೆಗಳಿಂದ ಸಿಗುವುದು 6 ಜೋಡಿಗಳು ಮಾತ್ರ.

ಮೊದಲ ಕೆಲಸ ಬರವಣಿಗೆಯದು. ಅಡುಗೆಮನೆಯ ಗೋಡೆಯ ಮೇಲೆ ತೂಗುಹಾಕಿದ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕ ಬರೆಯುವ ಚೌಕದಲ್ಲಿಯೇ, ಆ ದಿನ ಎಲ್ಲಿಗೆ ಹೋದಿರಿ ಮತ್ತು ಏನನ್ನು ತೊಟ್ಟಿರಿ ಎಂಬುದನ್ನು ಮೂರು ವಾರ ಗುರುತಿಸಿ. ನಾನು ಹಾಗೆ ಬರೆದಾಗ 21 ದಿನಗಳಲ್ಲಿ 16 ದಿನ ಕೆಲಸಕ್ಕಾಗಿ ಬೆಂಗಳೂರಿನ ರೈಲು ಹತ್ತಿದ್ದೆ, 3 ದಿನ ಮನೆಯಲ್ಲಿದ್ದೆ, ಒಂದು ಗೃಹಪ್ರವೇಶಕ್ಕೂ ಒಂದು ನಾಮಕರಣಕ್ಕೂ ಹೋಗಿದ್ದೆ. ಬೀರುವಿನಲ್ಲಿ ಈ ಲೆಕ್ಕ ತಲೆಕೆಳಗಾಗಿತ್ತು: ಅರ್ಧಕ್ಕಿಂತ ಹೆಚ್ಚು ಜಾಗವನ್ನು ಹಿಡಿದಿದ್ದವು ಆ ಎರಡು ದಿನಗಳ ಬಟ್ಟೆಗಳು. ನಿಮ್ಮ ಲೆಕ್ಕ ಬೇರೆಯಿರಬಹುದು. ಶಾಲೆಯಲ್ಲಿ ಪಾಠ ಮಾಡುವವರಿಗೆ ಸೀರೆಯ ದಿನಗಳೇ ಹೆಚ್ಚು. ಕೋಲಾರದ ಮಾರುಕಟ್ಟೆಗೆ ನಸುಕಿನಲ್ಲಿ ಟೊಮೆಟೊ ತರುವವರಿಗೆ ಧೂಳನ್ನೂ ಕಲೆಯನ್ನೂ ತಡೆಯುವ ಬಟ್ಟೆಯೇ ಮುಖ್ಯ. ದಿನಗಳು ಯಾವ ಪ್ರಮಾಣದಲ್ಲಿವೆಯೋ ಬಟ್ಟೆಗಳೂ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿರಬೇಕು.

ಮೂರು ವಾರ ಮುಗಿದ ಮೇಲೆ, ಮತ್ತೆ ಮತ್ತೆ ತೊಟ್ಟ ಬಟ್ಟೆಗಳನ್ನಷ್ಟೇ ಮಂಚದ ಮೇಲೆ ಹರಡಿ ನೋಡಿ. ನಿಮ್ಮ ಸ್ವಂತ ಶೈಲಿ ಎಂಬುದು ಅಲ್ಲಿಯೇ ಬಿದ್ದುಕೊಂಡಿರುತ್ತದೆ, ಅದನ್ನು ಓದುವುದಷ್ಟೇ ಬಾಕಿ. ನನ್ನ 7 ಕುರ್ತಾಗಳಲ್ಲಿ 6ಕ್ಕೆ ಮುಕ್ಕಾಲು ತೋಳು, 5ಕ್ಕೆ ಜೇಬು, ಎಲ್ಲಕ್ಕೂ ಮಂಡಿಯಿಂದ ಸ್ವಲ್ಪ ಕೆಳಗಿನ ಉದ್ದ. ಒಂದರಲ್ಲಿಯೂ ಎದೆಯ ಮೇಲೆ ಕಸೂತಿಯಿಲ್ಲ. ಆದರೆ ಬೀರುವಿನಲ್ಲಿ ಎದೆಯ ತುಂಬ ಕನ್ನಡಿ, ಮಣಿ ಹೊಲಿಸಿದ ಕುರ್ತಾಗಳು 4 ಇದ್ದವು. ಬೇರೆಯವರ ಮೈಮೇಲೆ ಕಂಡು ಮೆಚ್ಚಿದ್ದನ್ನು ನಾವು ಕೊಳ್ಳುತ್ತೇವೆ, ನಮ್ಮ ಮೈಗೆ ಒಗ್ಗಿದ್ದನ್ನು ತೊಡುತ್ತೇವೆ.

ಇನ್ನೊಂದು ಪರೀಕ್ಷೆಯಿದೆ, ಅದು ಕೈಯದು. ತೊಟ್ಟ ಬಟ್ಟೆಯನ್ನು ದಿನದಲ್ಲಿ ಎಷ್ಟು ಸಲ ಸರಿಪಡಿಸಿಕೊಂಡಿರಿ ಎಂಬುದನ್ನು ಗಮನಿಸಿ. ನನ್ನಲ್ಲಿ ಗಿಳಿಹಸಿರು ಬಣ್ಣದ ಒಂದು ಕುರ್ತಾ ಇತ್ತು, ನೋಡಿದವರೆಲ್ಲ ಚೆನ್ನಾಗಿದೆ ಎನ್ನುತ್ತಿದ್ದರು. ಅದನ್ನು ತೊಟ್ಟು ರೈಲಿನಲ್ಲಿ ಕುಳಿತರೆ ಕ್ಯಾತ್ಸಂದ್ರ ದಾಟಿ ಹಿರೇಹಳ್ಳಿ ಬರುವಷ್ಟರಲ್ಲಿ ಎಡಭುಜದಿಂದ ಜಾರಿದ ಕೊರಳಪಟ್ಟಿಯನ್ನು ನಾಲ್ಕು ಸಲ ಮೇಲಕ್ಕೆಳೆದಿರುತ್ತಿದ್ದೆ. ಬಟ್ಟೆಯನ್ನು ತಿರುವಿ ನೋಡಿದಾಗ ಕಾರಣ ಗೊತ್ತಾಯಿತು: ಕೊರಳಿನ ಅಂಚಿನ ಒಳಪಟ್ಟಿಗೆ ಗಟ್ಟಿ ಕ್ಯಾನ್ವಾಸ್ ಕೂರಿಸಿರಲಿಲ್ಲ, ಭುಜದ ಹೊಲಿಗೆ ನನ್ನ ಭುಜಕ್ಕಿಂತ ಒಂದು ಇಂಚು ಆಚೆಗಿತ್ತು. ದರ್ಜಿ ಸರಿಪಡಿಸಬಹುದಾದ ದೋಷವಾದರೆ ಸರಿಪಡಿಸಿ ಇಟ್ಟುಕೊಳ್ಳಿ. ಆಗದಿದ್ದರೆ, ಮೆಚ್ಚುಗೆಯ ಮಾತು ಎಷ್ಟೇ ಬರಲಿ, ಅದು ನಿಮ್ಮದಲ್ಲ.

ಎಷ್ಟು ಬಟ್ಟೆಗಳು ಸಾಕು ಎಂಬುದಕ್ಕೆ 33 ಎಂದೋ 37 ಎಂದೋ ಅಂಕಿ ಹೇಳುವವರಿದ್ದಾರೆ. ಅದಕ್ಕಿಂತ ಒಗೆಯುವ ಮತ್ತು ಒಣಗುವ ಲೆಕ್ಕವೇ ನಂಬಿಕೆಗೆ ಯೋಗ್ಯ. ಎರಡು ಒಗೆತಗಳ ನಡುವೆ ಎಷ್ಟು ದಿನಗಳಿವೆಯೋ ಅಷ್ಟು ಉಡುಪು, ಒಣಗಲು ಮತ್ತು ಇಸ್ತ್ರಿಗೆ ಹಿಡಿಯುವ ದಿನಗಳಿಗೆ ಒಂದೆರಡು, ಅನಿರೀಕ್ಷಿತಕ್ಕೆ ಒಂದು. ಮಲೆನಾಡಿನವರಿಗೆ ಮಳೆಗಾಲದಲ್ಲಿ ಬಟ್ಟೆ ಎರಡು ದಿನವಾದರೂ ಹಸಿ ವಾಸನೆ ಬಿಡದು. ನಮ್ಮ ಬಯಲುಸೀಮೆಯಲ್ಲಿ ಬೆಳಗ್ಗೆ ಹಾಕಿದ ಹತ್ತಿಯ ಬಟ್ಟೆ ವರ್ಷದ ಬಹುಪಾಲು ದಿನ ಮಧ್ಯಾಹ್ನಕ್ಕೇ ಗರಿಗರಿ ಒಣಗುತ್ತದೆ. ಇದು ನಮಗಿರುವ ದೊಡ್ಡ ಅನುಕೂಲ. ವಾರಕ್ಕೆ ಎರಡು ಸಲ ಒಗೆಯುವ ಮನೆಯಲ್ಲಿ ಕೆಲಸದ ದಿನಗಳಿಗೆ 6 ಅಥವಾ 7 ಮೇಲುಡುಪುಗಳೂ 3 ಪ್ಯಾಂಟುಗಳೂ ಧಾರಾಳವಾಗಿ ಸಾಕು. ಡಿಸೆಂಬರ್, ಜನವರಿಯ ನಸುಕಿನ ರೈಲಿಗೆ ಒಂದು ಸ್ವೆಟರ್ ಮತ್ತು ಒಂದು ಶಾಲು ಸೇರಿಸಿ. ನಂದಿಬೆಟ್ಟದ ತಪ್ಪಲಿನ ಚಿಕ್ಕಬಳ್ಳಾಪುರದವರು ಬೇಕಿದ್ದರೆ ಇನ್ನೊಂದನ್ನು ಸೇರಿಸಿಕೊಳ್ಳಲಿ.

ನೂಲಿನ ವಿಷಯದಲ್ಲಿ ರಾಜಿ ಮಾಡಿಕೊಳ್ಳದಿರುವುದು ಒಳ್ಳೆಯದು. ಸಾಮಾನ್ಯ ಹವೆಯಲ್ಲಿ ಹತ್ತಿಯ ನೂಲು ತನ್ನ ಒಣತೂಕದ ಶೇಕಡಾ 8.5ರಷ್ಟು ತೇವವನ್ನೂ ರೇಷ್ಮೆ ಸುಮಾರು ಶೇಕಡಾ 11ರಷ್ಟನ್ನೂ ಹಿಡಿದಿಟ್ಟುಕೊಳ್ಳುತ್ತವೆ. ಪಾಲಿಯೆಸ್ಟರ್ ಹಿಡಿಯುವುದು ಶೇಕಡಾ 0.4ರಷ್ಟು ಮಾತ್ರ. ಏಪ್ರಿಲ್ ತಿಂಗಳಲ್ಲಿ ಬಿ.ಎಚ್. ರಸ್ತೆಯಲ್ಲಿ ಬಸ್ಸಿಗೆ ಕಾಯುವವರ ಬೆನ್ನಿಗೆ ಪಾಲಿಯೆಸ್ಟರ್ ಅಂಟಿಕೊಳ್ಳುವುದೇಕೆ ಎಂಬುದಕ್ಕೆ ಇದೇ ಉತ್ತರ. ಪ್ಯಾಂಟಿಗೆ ಮಾತ್ರ ಸ್ವಲ್ಪ ಮಿಶ್ರಣವಿದ್ದರೆ ಸುಕ್ಕು ಕಡಿಮೆ, ಆಕಾರವೂ ನಿಲ್ಲುತ್ತದೆ.

ಬಣ್ಣ ಆಯುವಾಗ ನಿಮ್ಮ ಮನೆಯ ನೀರನ್ನೂ ಕೇಳಬೇಕು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳ ಅನೇಕ ಊರುಗಳಲ್ಲಿ ಬಟ್ಟೆ ಒಗೆಯುವುದು ಕೊಳವೆಬಾವಿಯ ಗಡಸು ನೀರಿನಲ್ಲಿ. ಆ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಸೋಪಿನೊಂದಿಗೆ ಸೇರಿ ಕರಗದ ಮಡ್ಡಿಯಾಗಿ ನೂಲಿನೊಳಗೆ ಕೂರುತ್ತವೆ. ಹಾಲಿನಂತೆ ಬೆಳ್ಳಗಿದ್ದ ಅಂಗಿ ಕೆಲವು ತಿಂಗಳಲ್ಲಿ ಬೂದಿ ಬಣ್ಣಕ್ಕೆ ತಿರುಗುವುದು, ಟವೆಲ್ಲು ಅಪ್ಪಳದಂತಾಗುವುದು ಇದರಿಂದಲೇ. ಬಿಳಿ ಅಂಗಿಯೇ ಎಲ್ಲಕ್ಕೂ ಅಡಿಪಾಯ ಎಂದು ಹೊರದೇಶದ ಪಟ್ಟಿಗಳು ಹೇಳಿದರೂ ನಾನು ಒಪ್ಪುವುದಿಲ್ಲ. ಕೋರಾ ಬಣ್ಣವೋ ತಿಳಿ ಬೂದಿಯೋ ಆ ಕೆಲಸವನ್ನೇ ಮಾಡುತ್ತದೆ, ಮಾಸಿದ್ದೂ ಕಾಣದು. ಪ್ಯಾಂಟುಗಳಿಗೆ ಎರಡು ಗಾಢ ಬಣ್ಣಗಳನ್ನು ಗೊತ್ತುಮಾಡಿಕೊಳ್ಳಿ, ಉದಾಹರಣೆಗೆ ಕಡುನೀಲಿ ಮತ್ತು ಕಾಫಿ ಬಣ್ಣ. ಮೇಲುಡುಪುಗಳಿಗೆ ಆ ಎರಡಕ್ಕೂ ಹೊಂದುವ ಮೂರು, ಉದಾಹರಣೆಗೆ ಸಾಸಿವೆ ಹಳದಿ, ಇಟ್ಟಿಗೆ ಕೆಂಪು, ಎಲೆಹಸಿರು. ಬಟ್ಟೆಯನ್ನು ಅಂಗಡಿಯ ದೀಪದಡಿ ನೋಡಿ ತೀರ್ಮಾನಿಸದೆ ಬಾಗಿಲವರೆಗೆ ತಂದು ಹಗಲು ಬೆಳಕಿನಲ್ಲಿ ನೋಡಿ. ಒಳಗೆ ಕಪ್ಪಾಗಿ ಕಂಡದ್ದು ಹೊಸ್ತಿಲಲ್ಲಿ ಕಡುನೇರಳೆಯಾಗಿ ಕಂಡದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಸೀರೆ ಉಡುವವರಿಗೆ ಈ ಲೆಕ್ಕದ ಕೀಲಿ ಇರುವುದು ರವಿಕೆಯಲ್ಲಿ. ಪ್ರತಿ ಸೀರೆಗೂ ಅದರಿಂದ ಕತ್ತರಿಸಿದ ತುಂಡಿನಲ್ಲಿಯೇ ರವಿಕೆ ಹೊಲಿಸುವ ಅಭ್ಯಾಸದಿಂದಾಗಿ 20 ಸೀರೆಗೆ 20 ರವಿಕೆಗಳಾಗುತ್ತವೆ, ಮೈ ಸ್ವಲ್ಪ ತುಂಬಿದರೆ ಇಪ್ಪತ್ತೂ ಒಟ್ಟಿಗೇ ಬಿಗಿಯಾಗುತ್ತವೆ. ಅದರ ಬದಲು ಕಪ್ಪು, ಮರೂನ್, ಸಾಸಿವೆ ಹಳದಿ, ಕೋರಾ ಈ 4 ಬಣ್ಣಗಳಲ್ಲಿ ಒಳ್ಳೆಯ ಹತ್ತಿಯ ರವಿಕೆಗಳನ್ನು ಹೊಲಿಸಿ, ಇವುಗಳ ಜೊತೆಗೆ ಇನ್ನೊಂದನ್ನು ಖಣದಲ್ಲಿ ಹೊಲಿಸಿದರೆ ಇನ್ನೂ ಚೆಂದ. ಈ ಐದು ರವಿಕೆಗಳಿಗೆ 8 ಹತ್ತಿ ಸೀರೆಗಳನ್ನು ಜೋಡಿಸಿದರೆ ಕೆಲಸದ ದಿನಗಳಿಗೆ ವರ್ಷವಿಡೀ ಬೇಸರವಾಗದು. ಬಟ್ಟೆಯನ್ನು ಹೊಲಿಯಲು ಕೊಡುವ ಮೊದಲು ಒಂದು ರಾತ್ರಿ ನೀರಿನಲ್ಲಿ ನೆನೆಸಿ ಒಣಗಿಸಬೇಕು, ಇಲ್ಲವಾದರೆ ಮೊದಲ ಒಗೆತದಲ್ಲಿಯೇ ಕುಗ್ಗುತ್ತದೆ. ಪಕ್ಕದ ಹೊಲಿಗೆಯೊಳಗೆ ಎರಡೂ ಕಡೆ ಒಂದೊಂದು ಇಂಚು ಬಟ್ಟೆ ಬಿಡುವಂತೆ ದರ್ಜಿಗೆ ಬಾಯಿಬಿಟ್ಟು ಹೇಳಿ. ಲಂಗಗಳು ಎರಡು ಗಾಢ, ಒಂದು ತಿಳಿ ಬಣ್ಣದಲ್ಲಿದ್ದರೆ ಮುಗಿಯಿತು.

ಗಂಡಸರ ವಿಷಯ ಸುಲಭ: 5 ಅಂಗಿ, 3 ಪ್ಯಾಂಟು, ಸಮಾರಂಭಕ್ಕೆ ಒಂದು ಪಂಚೆ ಮತ್ತು ಶಲ್ಯ. ಅವರು ಎಡವುವುದು ಅಳತೆಯಲ್ಲಿ. ಭುಜದ ಹೊಲಿಗೆ ತೋಳಿನ ಮೇಲೆ ಇಳಿದಿರುವ ಅಂಗಿಗೆ ಯಾವ ಬಣ್ಣವೂ ನೆರವಾಗದು.

ಕೊಳ್ಳುವಾಗಿನ ಎಚ್ಚರವನ್ನು ನಾನು ಕಲಿತದ್ದು ನಷ್ಟ ಮಾಡಿಕೊಂಡು. ಒಂದು ಆಷಾಢದ ರಿಯಾಯಿತಿಯಲ್ಲಿ, ಮೂರು ಕೊಂಡರೆ ಎರಡು ಉಚಿತ ಎಂಬ ಫಲಕ ಕಂಡು ಐದು ಕುರ್ತಾ ತಂದೆ. ಮೊದಲ ಒಗೆತದಲ್ಲಿ ಕೆಂಪಿನದು ಬಣ್ಣ ಬಿಟ್ಟು ನನ್ನ ಕೋರಾ ಕುರ್ತಾವನ್ನು ಬೀಟ್‌ರೂಟ್ ಪಲ್ಯದಂತೆ ಮಾಡಿತು, ಇನ್ನೆರಡಕ್ಕೆ ಹೊಂದುವ ಪ್ಯಾಂಟೇ ಮನೆಯಲ್ಲಿರಲಿಲ್ಲ. ಈಗ ಅಂಗಡಿಗೆ ಹೋಗುವಾಗ ನನ್ನ ಎರಡು ಪ್ಯಾಂಟುಗಳಲ್ಲಿ ಒಂದನ್ನು ತೊಟ್ಟೇ ಹೋಗುತ್ತೇನೆ, ಬಿಳಿ ಕರವಸ್ತ್ರವೊಂದನ್ನು ಕುಡಿಯುವ ನೀರಿನಲ್ಲಿ ಒದ್ದೆ ಮಾಡಿ ಬಟ್ಟೆಯ ಒಳ ಅಂಚಿಗೆ ಉಜ್ಜಿ ನೋಡುತ್ತೇನೆ. ಕರವಸ್ತ್ರಕ್ಕೆ ಬಣ್ಣ ಹತ್ತಿದರೆ ಅಂಗಡಿಯವರು ಒಂದೇ ಒಗೆತದಲ್ಲಿ ಹೋಗುತ್ತದೆ ಮೇಡಂ ಎನ್ನುತ್ತಾರೆ. ಹೋಗುವುದು ನಿಜ, ಎಲ್ಲಿಗೆ ಹೋಗುತ್ತದೆ ಎಂಬುದೇ ಪ್ರಶ್ನೆ. ಆಮೇಲೆ ಹೊಲಿಗೆಯನ್ನು ಎರಡು ಹೆಬ್ಬೆರಳಿನಿಂದ ಮೆಲ್ಲನೆ ಎಳೆದು ನೋಡಿ; ದಾರದ ನಡುವೆ ಬೆಳಕು ಕಂಡರೆ ಅಲ್ಲಿಯೇ ಬಿಡಿ.

ರೇಷ್ಮೆ ಸೀರೆಗಳನ್ನು ಈ ಎಣಿಕೆಯಿಂದ ಹೊರಗಿಡಿ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ಹೆಸರು ಕೇಳುತ್ತ, ಪಾವಗಡದ ವೈ.ಎನ್. ಹೊಸಕೋಟೆಯ ಮಗ್ಗದ ಸೀರೆ ಉಡುತ್ತ ಬೆಳೆದವರಿಗೆ, ವರ್ಷಕ್ಕೊಮ್ಮೆ ಉಡದ್ದನ್ನು ತೆಗೆದುಹಾಕಿ ಎನ್ನುವ ಪಟ್ಟಿ ಒಪ್ಪದು, ಒಪ್ಪಲೂ ಬೇಕಿಲ್ಲ. ತೊಳೆದು ಮೆತ್ತಗಾದ ಹತ್ತಿ ಬಟ್ಟೆಯಲ್ಲಿ ಸುತ್ತಿ ಬೇರೆ ಅರೆಯಲ್ಲಿಡಿ, ಕೆಲವು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ, ಏಕೆಂದರೆ ಒಂದೇ ಮಡಿಕೆಯಲ್ಲಿ ಬಹಳ ಕಾಲವಿದ್ದರೆ ಅಲ್ಲಿಯೇ ಜರಿ ಮುರಿದು ಸೀರೆ ಸೀಳುತ್ತದೆ. ನುಸಿಗುಳಿಗೆ ಜರಿಗೆ ತಾಗದಂತೆ ನೋಡಿಕೊಳ್ಳಿ.

ಉಳಿದವುಗಳನ್ನು ಒಮ್ಮೆಗೇ ಕೊಟ್ಟುಬಿಡುವ ಆತುರ ಬೇಡ. ಒಂದು ಟ್ರಂಕಿನಲ್ಲಿ ತುಂಬಿ, ಮೇಲೆ ದಿನಾಂಕ ಬರೆದ ಚೀಟಿ ಅಂಟಿಸಿ ಅಟ್ಟದ ಮೇಲಿಡಿ. ಯುಗಾದಿಗೆ ಇಟ್ಟದ್ದನ್ನು ದೀಪಾವಳಿಯವರೆಗೆ ಒಮ್ಮೆಯೂ ಹುಡುಕದಿದ್ದರೆ ಆಗ ಕೊಡಿ. ನಮ್ಮ ಬೀದಿಗೆ ಹಳೆಯ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವ ಹೆಂಗಸು ಬರುತ್ತಾರೆ. ಕನ್ನಡಿ ಹೊಲಿಸಿದ ಆ 4 ಕುರ್ತಾಗಳಿಗೆ ನನಗೆ ಒಂದು ಜರಡಿ ಸಿಕ್ಕಿತು, ಅದು ದಿನವೂ ಬಳಕೆಯಲ್ಲಿದೆ.

ಚೆನ್ನಾಗಿ ಕೂರುವ ಬಟ್ಟೆ ಸವೆದಾಗ ಮಾತ್ರ ಅದನ್ನು ಟ್ರಂಕಿಗೂ ಪಾತ್ರೆಗೂ ಹಾಕಬೇಡಿ. ಮೊಣಕೈಯಲ್ಲಿ ತೆಳುವಾದ ನನ್ನ ಸಾಸಿವೆ ಬಣ್ಣದ ಕುರ್ತಾವನ್ನು ಒಗೆದು, ಇಸ್ತ್ರಿ ಮಾಡಿ, ಅಳತೆ ಬಟ್ಟೆಯೆಂದು ಬೇರೆಯಿಟ್ಟಿದ್ದೇನೆ. ದರ್ಜಿಯ ಬಳಿ ಟೇಪು ಹಿಡಿದು ನಿಂತು ವಿವರಿಸುವ ಬದಲು ಹೊಸ ಬಟ್ಟೆಯ ಜೊತೆ ಅದನ್ನು ಕೊಟ್ಟು, ಇದೇ ಕೊರಳು, ಇದೇ ತೋಳು, ಜೇಬು ಬಲಗಡೆ ಎಂದಷ್ಟೇ ಹೇಳಿ ಬರುತ್ತೇನೆ.